ಹಗೂರ ಅಂದರೆ ಹಲ್ಕಾ ಅಲ್ಲ

ಚಿತ್ತಾಪುರದ ಮೀನಿನ ಬುಟ್ಟಿಯವರ ಗಾಡಿಯನ್ನು ನಿಲ್ಲಿಸಿದವನು ನಾನೇ. ಹೈದರಾಬಾದಿನ ಸಾಹೇಬರಲ್ಲ, ಬೇರೆ ಯಾರೂ ಅಲ್ಲ — ನಾನು, ಅಲ್ಲಿಯ ಸ್ಟೇಶನ್ನಿನಲ್ಲಿ ಟಿಕೀಟು ಕೊಡುತ್ತಿದ್ದ ಬಾಬು. ಒಂದು ಮಾತನ್ನು ಬೇಕೆಂದೇ ತಿರುಗಿಸಿ ಹೇಳಿ ನಿಲ್ಲಿಸಿದೆ. ಇಷ್ಟು ವರ್ಷ ಇದನ್ನು ಯಾರೂ ಕೇಳಲಿಲ್ಲ. ಕೇಳುವುದಿರಲಿ, ಊರವರು ನನ್ನನ್ನು ಹೊಗಳುತ್ತಲೇ ಬಂದಿದ್ದಾರೆ. ಯಾರ ಮದುವೆಗೆ ಹೋದರೂ ಅದೇ — "ಬರ್ರಿ ಮೋಟರ್ ಮಾಸ್ತರ, ಮುಂದ ಕುಂದ್ರಿ! ನಮ್ಮೂರಿಗಿ ಮೋಟರ್ ತಂದವ್ರು ನೀವು!" ಥೂ! ಆ ಹೆಸರು ಕೇಳಿದಾಗಲೆಲ್ಲ ಎದುರಿಗಿದ್ದ ತಾಟು ಎತ್ತಿ ಒಗೆಯಬೇಕು ಅನಿಸುತ್ತದೆ. ಒಗೆಯುವುದಿಲ್ಲ. ಮುಂದೆ ಹೋಗಿ ಕೂಡುತ್ತೇನೆ, ಹೋಳಿಗೆ ತಿನ್ನುತ್ತೇನೆ.

ಆಗ ನಿಜಾಮರ ರಾಜ್ಯ. ಸೇಡಂನಿಂದ ಚಿತ್ತಾಪುರದ ಮೇಲೆ ವಾಡಿಗೆ ಬೆಳಗಿನ ಗಾಡಿಯೊಂದಿತ್ತು. ಮುದಿ ಉಗಿ ಎಂಜಿನ್, ಹಿಂದೆ ಕಟ್ಟಿಗೆ ಬೆಂಚಿನ ಡಬ್ಬಿಗಳು, ಕೊನೆಗೆ ಸಾಮಾನಿನ ಡಬ್ಬಿ. ದಿನಾ ಹೋಗಿ ಬರುವ ಗುಮಾಸ್ತರು, ಕಲ್ಲಿನ ಕೆಲಸದವರು, ಸಂತೆಯವರು ಎಲ್ಲರಿಗೂ ಅದೇ ಗತಿ. ಕಾಗಿಣಾ ಹೊಳೆಯ ದಂಡೆಯ ಕಬ್ಬಲಿಗರ ಹೆಂಗಸರು ಮೀನಿನ ಬುಟ್ಟಿ ಹೊತ್ತು ಅದೇ ಗಾಡಿಗೆ ವಾಡಿಗೆ ಹೋಗುತ್ತಿದ್ದರು. ಅವರಿಗೆಲ್ಲ ಮುಂದಾಳು ಸಾಬವ್ವ. ಗಂಡನಿಲ್ಲ, ಮಕ್ಕಳು ಸಣ್ಣವು. ಬಿಸಿಲೇರುವ ಮುಂಚೆ ವಾಡಿಯ ಪೇಟೆಗೆ ಮೀನು ಮುಟ್ಟಿದರೆ ಅವಳ ಮನೆಯಲ್ಲಿ ಒಲೆ ಹತ್ತುತ್ತಿತ್ತು, ಮುಟ್ಟದಿದ್ದರೆ ಇಲ್ಲ.

ಈ ಹೆಂಗಸರ ಕಾಟ ನನಗೆ ಸಾಕುಸಾಕಾಗಿತ್ತು. ಬುಟ್ಟಿಯ ನೀರು ನನ್ನ ಕಿಟಕಿಯ ಕಟ್ಟೆಯ ಮೇಲೆ ಸೋರುತ್ತಿತ್ತು. ಜಗಳ, ನಗು, ಗದ್ದಲ! ಇವರು ಬುಟ್ಟಿ ಏರಿಸುವ ತನಕ ಡ್ರೈವರ್ ಬೀಡಿ ಸೇದುತ್ತ ಆರಾಮವಾಗಿ ನಿಲ್ಲುವನು. ಗಾಡಿ ತಡವಾದದ್ದಕ್ಕೆ ವಾಡಿಯಿಂದ ಬೈಗುಳ ಮಾತ್ರ ನನಗೆ. ಇನ್ನೊಂದನ್ನೂ ಹೇಳಿಬಿಡುತ್ತೇನೆ — ನಾನು ಲಿಂಗ ಕಟ್ಟಿದ ಮನೆಯವನು. ಬೆಳಿಗ್ಗೆ ಶರಣರ ವಚನ ಹೇಳಿಯೇ ಕೆಲಸಕ್ಕೆ ಹೊರಡುವವನು. ಬಂದವನೇ ಸಾಬವ್ವನನ್ನು ಕಂಡು ಮೂಗಿಗೆ ಧೋತರದ ಚುಂಗು ಹಿಡಿಯುತ್ತಿದ್ದೆ. ಬಾಯಲ್ಲಿ ವಚನ, ಮೂಗಿಗೆ ಚುಂಗು — ಎಂಥ ಮನುಷ್ಯ ನೋಡಿ!

"ದೂರ ನಿಂದ್ರು" ಅಂದರೆ ಅವಳು ನಗುತ್ತಿದ್ದಳು. "ಮೀನಕ್ಕ ಮೀನಿನ ವಾಸ್ನಿ ಬಿಟ್ಟು ಮಲ್ಲಿಗಿ ವಾಸ್ನಿ ಬರ್ತದೇನ್ರಿ ಮಾಸ್ತರ?"

ಅಂಥದರಲ್ಲಿ ಗಾಡಿ ಬದಲಿಸುವ ಮಾತು ಎದ್ದಿತು. ಮುಂಬಯಿ ಕಡೆ ವಿದ್ಯುತ್ತಿನ ಗಾಡಿಗಳು ಓಡುತ್ತವೆ ಎಂದು ಕೇಳಿದ್ದೆವು. ನಮ್ಮಲ್ಲಿ ಮನೆಯ ದೀಪಕ್ಕೇ ತಂತಿ ಇಲ್ಲ, ಹಳಿಯ ಮೇಲೆ ಎಲ್ಲಿಂದ ತರಬೇಕು? ಹಾಗಾಗಿ ಉಳಿದದ್ದು ಎರಡು ದಾರಿ. ಹಳೆಯ ಡಬ್ಬಿಗಳಿಗೇ ಹೊಸ ಉಗಿ ಎಂಜಿನ್ ಕಟ್ಟುವುದು, ಇಲ್ಲವೆ ಅದೇ ಹಳಿಯ ಮೇಲೆ ಎಣ್ಣೆಯಿಂದ ಓಡುವ ಮೋಟರ್ ಗಾಡಿ ತರುವುದು. ಮೋಟರನ್ನು ಕೆಲವು ದಿನ ಓಡಿಸಿ ತೋರಿಸಿದರು. ಹೊಗೆಯಿಲ್ಲ, ಮಸಿಯಿಲ್ಲ, ಕಿಟಕಿಗೆ ಗಾಜು, ಹೊಸ ಬಣ್ಣದ ಮಿರುಗು! ಬಂತು ಅನ್ನುವುದರಲ್ಲಿ ಹೊರಟಿತು. ಸಾಮಾನಿನ ಡಬ್ಬಿ ಮಾತ್ರ ಇರಲಿಲ್ಲ. ಅಂದರೆ ಬುಟ್ಟಿಗೆ ಜಾಗವಿಲ್ಲ. ನನಗೆ ಅದೇ ಬೇಕಾಗಿತ್ತು.

ಆರಿಸಲು ಬಂದ ಸಾಹೇಬರು ಹೈದರಾಬಾದಿನವರು, ಒಳ್ಳೆಯವರು. ಕಾಗದ ನೋಡಿ ಸಹಿ ಹಾಕಿ ಹೋಗಬಹುದಿತ್ತು; ಹೋಗಲಿಲ್ಲ. ದಿನಾ ಓಡಾಡುವ ಜನರನ್ನೇ ಕೇಳುತ್ತೇನೆ ಅಂದರು. ಅವರಿಗೆ ಕನ್ನಡ ಬಾರದು, ಜನಕ್ಕೆ ಅವರ ನಯದ ಉರ್ದು ತಿಳಿಯದು. ನಡುವೆ ನಾನು. ಗುಮಾಸ್ತರು ಮೋಟರ್ ಅಂದರು, ಸಂತೆಯವರು ಹಳೆಯದೇ ಅಂದರು. ಸಾಹೇಬರು ಗಲ್ಲ ಕೆರೆಯುತ್ತ ನಿಂತರು. ಆಮೇಲೆ ಸಾಬವ್ವನ ಕಡೆ ಬೆರಳು ಮಾಡಿ, ಈಕೆ ಏನನ್ನುತ್ತಾಳೆ ಕೇಳು ಎಂದರು.

ಅವಳು ಬುಟ್ಟಿ ಇಳಿಸಿ, ತಲೆಯ ಮೇಲೆ ಸೆರಗು ಸರಿಮಾಡಿಕೊಂಡು ಹೇಳಿದಳು: "ಹಳೀ ಗಾಡಿ ಹಗೂರ ಹೋಗ್ತದರಿ. ಮೋಟರ್ ಭಾಳ ಜೋರ್ ಅದ. ನಮಗ ಬುಟ್ಟಿ ಏರಸ್ಲಿಕ್ಕ ಪುರಸತ್ತು ಬೇಕು, ಹಳೀದೇ ಇರ್ಲಿ ಅಂತ ಹೇಳ್ರಿ ಮಾಸ್ತರ."

ನಮ್ಮ ಸೀಮೆಯಲ್ಲಿ ಹಗೂರ ಅಂದರೆ ನಿಧಾನ, ಜೋಪಾನ. ಕೂಸನ್ನು ಕೈಯಿಂದ ಕೈಗೆ ಕೊಡುವಾಗ ಆಡುವ ಮಾತು ಅದು. ಪುಸ್ತಕದ ಕನ್ನಡದಲ್ಲಿ ಹಗುರ ಅಂದರೆ ಭಾರವಿಲ್ಲದ್ದು. ಅದಕ್ಕೆ ಉರ್ದುವಿನಲ್ಲಿ ಹಲ್ಕಾ ಎನ್ನುತ್ತಾರೆ. ಕೀಳು ಮಾಲಿಗೂ ಹಲ್ಕಾ ಎಂದೇ ಅನ್ನುತ್ತಾರೆ. ನಾನು ಸಾಹೇಬರ ಕಡೆ ತಿರುಗಿದೆ —

"ಪುರಾನೀ ಗಾಡಿ ಹಲ್ಕೀ ಹೈ, ಸಾಬ್. ಮೋಟರ್ ಬಹುತ್ ಜೋರ್‌ದಾರ್ ಹೈ."

ಹಳೆಯದು ಕೀಳು, ಮೋಟರ್ ಭರ್ಜರಿ. ಬುಟ್ಟಿಯ ಮಾತನ್ನು ನುಂಗಿಬಿಟ್ಟೆ. ಮೀನು ಮಾರುವವಳಿಗೂ ಮೋಟರೇ ಬೇಕೇ ಎಂದು ಸಾಹೇಬರ ಮುಖ ಅರಳಿತು. ಅವರು ನಕ್ಕದ್ದನ್ನು ಕಂಡು, ತನ್ನ ಮಾತು ನಡೆಯಿತು ಅಂದುಕೊಂಡು, ಸಾಬವ್ವ ಕೈಮುಗಿದಳು. ಮೊದಲು ಅವರಿಗೆ. ಆಮೇಲೆ ನನಗೆ.

ಮೋಟರ್ ಬಂತು. ಮೊದಲ ದಿನ ಅವಳು ಬುಟ್ಟಿಯೊಂದಿಗೆ ಮೆಟ್ಟಿಲು ಹತ್ತಹೋದಳು, ಒಳಗಿನವರು ಇಳಿಸಿದರು. ಕೆಲವು ದಿನ ವಾಡಿಗೆ ನಡೆದು ನೋಡಿದಳು. ಮುಟ್ಟುವಷ್ಟರಲ್ಲಿ ಬಿಸಿಲೇರಿ ಮೀನು ಕೆಡುತ್ತಿತ್ತು, ಕೊಳ್ಳುವವರು ಮನೆ ಸೇರಿರುತ್ತಿದ್ದರು. ಕೊನೆಗೊಂದು ದಿನ ನನ್ನ ಕಿಟಕಿಗೆ ಬಂದಳು. ಬುಟ್ಟಿ ಇರಲಿಲ್ಲ. ಬೈಯಲು ಬಂದಳು ಅಂದುಕೊಂಡೆ — ಬೈದಿದ್ದರೆ ಎಷ್ಟೋ ಚಲೋ ಇತ್ತು.

"ಸಾಹೇಬ ಕೇಳ್ಲಿಲ್ಲ ನೋಡ್ರಿ. ನೀವರೆ ಏನ್ ಮಾಡ್ತೀರಿ, ಹೇಳೂದು ಹೇಳಿದ್ರಿ. ಮನಸಿಗಿ ಹಚಗೋಬ್ಯಾಡ್ರಿ ಮಾಸ್ತರ."

ನನಗೇ ಸಮಾಧಾನ ಹೇಳಿ, ಮಕ್ಕಳನ್ನು ಕರೆದುಕೊಂಡು, ಶಹಾಬಾದ ಕಡೆಯ ಭಂಕೂರಿಗೆ ಕಲ್ಲು ಹೊರಲು ಹೋದಳು.

ಆಮೇಲೆ ನಾನು ನನ್ನೊಳಗೇ ವಕೀಲಿ ನಡೆಸಿದೆ. ಹಗುರ ಅಂದರೆ ಹಲ್ಕಾ, ನಾನು ಸುಳ್ಳಾಡಿದ್ದೆಲ್ಲಿ? ಯಾವ ಮೌಲ್ವಿಯನ್ನಾದರೂ ಕೇಳಿ! ಎಂಥ ವಾದ, ಎಂಥ ಜಾಣತನ — ನೆನೆದರೆ ನನ್ನ ಕೆನ್ನೆಗೆ ನಾನೇ ಹೊಡೆದುಕೊಳ್ಳಬೇಕು ಅನಿಸುತ್ತದೆ. ಅದೇ ಮೋಟರಿನಲ್ಲಿ ಗಾಜಿನ ಪಕ್ಕ ಕೂತು ವಾಡಿಗೆ ಹೋಗಿ ಬಂದಿದ್ದೇನೆ. ಒಮ್ಮೆಯೂ ಸುಖವಾಗಲಿಲ್ಲ.

ಹೋದ ತಿಂಗಳು ಸಾಬವ್ವನನ್ನು ಹುಡುಕಿಕೊಂಡು ಭಂಕೂರಿಗೆ ಹೋದೆ. ಕಲ್ಲಿನ ಗಣಿಯ ಇಳಿಜಾರಿನಲ್ಲಿ ನಾನು ಜಾರುತ್ತ ಇಳಿಯುವುದನ್ನು ಅವಳೇ ಮೊದಲು ಕಂಡಳು. ತಲೆಯ ಮೇಲಿನ ಸಿಂಬಿ ತೆಗೆದಿಟ್ಟು ಓಡಿ ಬಂದು ನನ್ನ ಕೈ ಹಿಡಿದಳು. "ಹಗೂರ ಬರ್ರಿ ಮಾಸ್ತರ, ಹಗೂರ. ಕಲ್ಲು ಜಾರತಾವ."

ಕೆಳಗೆ ಇಳಿದ ಮೇಲೆ ಎಲ್ಲ ಹೇಳಿದೆ. ಏನೂ ಬಿಡಲಿಲ್ಲ, ಮೂಗಿಗೆ ಹಿಡಿದ ಚುಂಗನ್ನೂ. ಅವಳು ನನ್ನ ಕೈಯನ್ನು ಇನ್ನೂ ಹಿಡಿದೇ ಇದ್ದಳು.

"ಹಗೂರ ಅಂದ್ರ ನಿಮಗ ತಿಳೀಲಿಲ್ಲೇನ್ರಿ ಆವಾಗ?"

ಇಲ್ಲ ಅನ್ನಬಹುದಿತ್ತು. ನಾನು ಇಲ್ಲ ಅನ್ನಲಿ ಎಂದೇ ಅವಳು ಹಾಗೆ ಕೇಳಿದಳೋ ಏನೋ.

"ತಿಳಿದಿತ್ತವ್ವ" ಅಂದೆ.

ಸಾಬವ್ವ ಕೈ ಬಿಟ್ಟಳು. ಸಿಂಬಿಯನ್ನು ತಲೆಗಿಟ್ಟುಕೊಂಡು ಕಲ್ಲಿನ ಕಡೆಗೆ ನಡೆದಳು. ನಾನು ಬಂದ ದಾರಿಯಲ್ಲೇ ಮೇಲೆ ಹತ್ತತೊಡಗಿದೆ. ಕಾಲು ಎರಡು ಸಲ ಜಾರಿತು. ಹಗೂರ ಎಂದು ಯಾರೂ ಅನ್ನಲಿಲ್ಲ.