ಮೂರನೆಯ ಟೊಪ್ಪಿಗೆ

ನಾನು ಮೊದಲಿನಿಂದಲೂ ಸಂಶಯದ ಪ್ರಾಣಿ. ಬೆಕ್ಕು ಅಡ್ಡ ಹೋಯಿತೆಂದು ಮನೆಯ ಹಿರಿಯರು ನಿಂತರೆ ನಾನು ಬೇಕೆಂದೇ ನಾಲ್ಕು ಹೆಜ್ಜೆ ಮುಂದೆ ಹಾಕಿ ತೋರಿಸುತ್ತಿದ್ದೆ. ಹಾನಗಲ್ಲಿನಲ್ಲಿ ವರ್ಷಾನುಗಟ್ಟಲೆ ಮಕ್ಕಳಿಗೆ ಭೂಗೋಳ ಕಲಿಸಿದವನು. ನಕಾಶೆಯಲ್ಲಿ ಇಲ್ಲದ್ದು ನೆಲದ ಮೇಲೂ ಇಲ್ಲ ಎಂಬುದು ನನ್ನ ಖಾತ್ರಿಯಾಗಿತ್ತು. ಯಾರಾದರೂ ದೆವ್ವದ ಮಾತು ತೆಗೆದರೆ, ಅದು ಯಾವ ಅಕ್ಷಾಂಶದಲ್ಲಿ ವಾಸವಾಗಿದೆ ಎಂದು ಕೇಳಿ ಅವರ ಬಾಯಿ ಮುಚ್ಚಿಸುತ್ತಿದ್ದೆ. ಅಂಥವನು ಈಗ ಬರೆಯಲು ಕುಳಿತದ್ದನ್ನು ಓದಿ ನೀವು ನಕ್ಕರೆ ನನಗೆ ಬೇಸರವಿಲ್ಲ. ಬೇರೆಯವರು ಬರೆದಿದ್ದರೆ ನಾನೂ ನಗುತ್ತಿದ್ದೆ. ಇದು ಅಮಾವಾಸ್ಯೆಯ ಕತ್ತಲಲ್ಲಿ ನಡೆದದ್ದೂ ಅಲ್ಲ. ಬೇಸಿಗೆಯ ರಣರಣ ಬಿಸಿಲಿನಲ್ಲಿ, ಹಿರೇಕೆರೂರ ತಾಲೂಕಿನ ಒಂದು ಹೊಲದ ಬದುವಿನ ಮೇಲೆ ನಡೆದದ್ದು.

ಎರಡನೆಯ ಮಹಾಯುದ್ಧ ಶುರುವಾದ ವರ್ಷದ ಮಾತು. ಶಿಗ್ಗಾಂವಿಯ ಚನ್ನಬಸಪ್ಪ ನನ್ನ ಬಾಲ್ಯದ ಗೆಳೆಯ. ಅರಳೆ ವ್ಯಾಪಾರ, ಮನೆತನದ ಜಮೀನು ಎರಡೂ ಇದ್ದವ. ಕೈ ದೊಡ್ಡದು, ಹೊಟ್ಟೆ ಅದಕ್ಕಿಂತ ದೊಡ್ಡದು. ವ್ಯಾಪಾರಕ್ಕೆಂದು ಮುಂಬಯಿಗೆ ಹೋದಾಗ ಬಂದರಿನಲ್ಲಿ ನಾರ್ವೆ ದೇಶದ ಹಡಗಿನ ಅಧಿಕಾರಿಯೊಬ್ಬನ ಗುರುತಾಗಿ, ಆತ ತನ್ನ ನಾಡಿನ ಸುದ್ದಿ ಹೇಳಿದನಂತೆ. ಅಲ್ಲಿ ಉತ್ತರದ ತುತ್ತತುದಿಯಲ್ಲಿ ಬೇಸಿಗೆಯ ಎರಡು ತಿಂಗಳು ಸೂರ್ಯ ಮುಳುಗುವುದೇ ಇಲ್ಲ. ಮನುಷ್ಯರ ಸುಳಿವಿಲ್ಲದ ಬೆಟ್ಟ ಬಯಲಿನಲ್ಲಿ, ಹಿಮದ ಅಂಚು ಹಿಡಿದು, ಬೆನ್ನಿಗೆ ಗಂಟು ಕಟ್ಟಿಕೊಂಡು ದಿನಗಟ್ಟಲೆ ನಡೆಯಬಹುದು. ಅವನ ಅಣ್ಣನ ಮನೆ ಅಲ್ಲೇ ಇದೆ, ಬಂದವರಿಗೆ ದಾರಿ ತೋರಿಸುತ್ತಾನೆ. ಚನ್ನಬಸಪ್ಪನ ತಲೆ ಕೆಡಲು ಇಷ್ಟು ಸಾಕಾಯಿತು.

"ಮಾಸ್ತರ, ಬರೋ ವರ್ಷ ಹೋಗೂಣು. ರಾತ್ರಿ ಹನ್ನೆರಡಕ್ಕ ಬಿಸಲಾಗ ಕುಂತು ಎಲಿ ಅಡಿಕಿ ಹಾಕ್ಕೋಬೇಕು ನೋಡ. ಖರ್ಚಿನ ಉಸಾಬರಿ ನನಗಿರಲಿ, ನಕಾಶಿ ಓದೂದು ನಿನಗಿರಲಿ" ಅಂದ.

ನಾನು ಒಪ್ಪಿದೆ. ಆದರೆ ನಿಜ ಹೇಳಬೇಕೆಂದರೆ, ಸಿದ್ಧತೆಯ ಲಗಾಮು ಹಿಡಿದವಳು ನನ್ನ ಹೆಂಡತಿ ತುಂಗಾ. ನನ್ನ ಭೂಗೋಳದ ಪುಸ್ತಕಗಳನ್ನೆಲ್ಲ ಒಲೆಯ ಮುಂದೆ ಕುಳಿತು ಓದಿ ಮುಗಿಸಿದವಳು ಅವಳು. ನಡುಮನೆಯಲ್ಲಿ ನಕಾಶೆ ಹರವಿ, ಹಿಟ್ಟಿನ ಕೈಯಿಂದಲೇ ನಾರ್ವೆಯ ಕರಾವಳಿಯನ್ನು ಬೆರಳಿನಿಂದ ಹಿಡಿದು ಮೇಲಕ್ಕೆ ಹೋಗುತ್ತಿದ್ದಳು. ಆ ನಕಾಶೆಯ ಮೇಲೆ ಇವತ್ತಿಗೂ ಹಿಟ್ಟಿನ ಕಲೆಗಳಿವೆ. ಹಡಗಿನ ಅಧಿಕಾರಿಗೆ ಬರೆಯುವ ಕಾಗದದಲ್ಲಿ ಏನೇನು ಕೇಳಬೇಕೆಂದು ಅವಳೇ ಹೇಳುತ್ತಿದ್ದಳು, ನಾನು ಇಂಗ್ಲಿಷಿಗೆ ಇಳಿಸುತ್ತಿದ್ದೆ. ಅಲ್ಲಿ ನೀರು ಎಲ್ಲಿ ಸಿಗುತ್ತದೆ, ಕಟ್ಟಿಗೆ ಸಿಗುತ್ತದೆಯೋ ಇಲ್ಲವೋ, ಹೊಳೆ ದಾಟುವುದು ಹೇಗೆ. ಹಿಮದ ಸೀಮೆಯಲ್ಲೂ ಬೇಸಿಗೆಗೆ ಸೊಳ್ಳೆ ಮುತ್ತುತ್ತವೆ ಎಂದು ಉತ್ತರ ಬಂದಾಗ ಚನ್ನಬಸಪ್ಪನ ಅರ್ಧ ಉತ್ಸಾಹ ಇಳಿಯಿತು. ತುಂಗಾ ಕುಳಿತ ಜಾಗದಲ್ಲೇ ಎರಡು ಪರದೆ ಹೊಲಿದಳು.

ಊಟದ್ದೂ ಅವಳದೇ ಕಾರಭಾರ. ಜೋಳದ ಖಡಕ್ ರೊಟ್ಟಿ, ಶೇಂಗಾ ಚಟ್ನಿ, ಹುರಿಹಿಟ್ಟು, ಬೆಲ್ಲ. ರೊಟ್ಟಿ ಎಷ್ಟು ದಿನ ಬಾಳುತ್ತದೆ ಎಂದು ನೋಡಲು ಒಂದು ತಿಂಗಳು ಬಟ್ಟೆಯಲ್ಲಿ ಕಟ್ಟಿಟ್ಟು, ಆಮೇಲೆ ನಮ್ಮಿಬ್ಬರಿಗೆ ತಿನ್ನಿಸಿದಳು. ರೊಟ್ಟಿ ಒಂದೂ ಕೆಟ್ಟಿರಲಿಲ್ಲ. ಚನ್ನಬಸಪ್ಪನ ಒಂದು ಹಲ್ಲು ಮಾತ್ರ ಕೆಟ್ಟಿತು. ಸವಣೂರಿನ ದರ್ಜಿಯೊಬ್ಬ ಹೊಸ ಕರಿ ಕಂಬಳಿಗಳಿಗೆ ಕತ್ತರಿ ಹಾಕಿ ಇಬ್ಬರಿಗೂ ಕೋಟು, ಟೊಪ್ಪಿಗೆ ಹೊಲಿದ. ಆ ಕೋಟು ಎಷ್ಟು ಬಿರುಸೆಂದರೆ ಬಿಚ್ಚಿ ನೆಲದ ಮೇಲಿಟ್ಟರೆ ತಾನೇ ನಿಲ್ಲುತ್ತಿತ್ತು. ಇದನ್ನು ಹಾಕಿಕೊಂಡು ಎಲ್ಲಿಗೆ ಹೋಗುತ್ತೀರೆಂದು ದರ್ಜಿ ಕೇಳಿದ. ಉತ್ತರ ಧ್ರುವದ ಕಡೆಗೆ ಎಂದೆ. "ಹುಬ್ಬಳ್ಳಿ ದಾಟಿ ಎಷ್ಟ ದೂರ ಆಗತೈತ್ರಿ?" ಅಂದ. ಸ್ವಲ್ಪ ದೂರ ಆಗುತ್ತದೆ ಎಂದು ಚನ್ನಬಸಪ್ಪ ಗಂಭೀರವಾಗಿ ಹೇಳಿದ.

ನಮ್ಮ ತಂದೆಯವರದು ಬೇರೆಯೇ ಚಿಂತೆ. ಸಮುದ್ರ ದಾಟುವುದಕ್ಕೆ ಅವರು ಹೇಗೋ ಮನಸ್ಸು ಗಟ್ಟಿಮಾಡಿಕೊಂಡಿದ್ದರು. ಆದರೆ ಸೂರ್ಯ ಮುಳುಗದ ಊರಿನಲ್ಲಿ ಸಾಯಂಸಂಧ್ಯಾವಂದನೆ ಯಾವಾಗ? ದಿನವೇ ಮುಗಿಯದಿದ್ದರೆ ಏಕಾದಶಿ ಉಪವಾಸ ಬಿಡುವುದು ಯಾವಾಗ? ಎಂಟು ದಿನ ಗ್ರಂಥಗಳನ್ನು ತಿರುವಿಹಾಕಿ, ಕೊನೆಗೆ ಒಂದು ನಿರ್ಣಯಕ್ಕೆ ಬಂದರು: ಗಡಿಯಾರವನ್ನು ಹಾನಗಲ್ಲಿನ ವೇಳೆಗೇ ಇಟ್ಟುಕೊಂಡು ಹೋಗತಕ್ಕದ್ದು, ಹಾನಗಲ್ಲಿನಲ್ಲಿ ಸೂರ್ಯ ಮುಳುಗಿದರೆ ಅಲ್ಲಿಯೂ ಮುಳುಗಿದಂತೆಯೇ. ನಗು ತಡೆಯಲಾಗದೆ ತುಂಗಾ ಹಿತ್ತಲಿಗೆ ಓಡಿದಳು. ಅಷ್ಟು ಸಂತೋಷದ ದಿನಗಳು ನನ್ನ ಬಾಳಿನಲ್ಲಿ ಹೆಚ್ಚಿಲ್ಲ.

ಅಂಥ ಒಂದು ದಿನ ಅವಳು ಡೇರೆಯ ಅಂಚು ಹೊಲಿಯುತ್ತ, "ಏನ್ರಿ, ಇದರಾಗ ಮೂರು ಮಂದಿಗೆ ಜಾಗಾ ಆಗ್ತದೇನು?" ಎಂದು ಕೇಳಿದಳು. ಮೂರನೆಯವರು ಯಾರು ಎಂದೆ. "ನಾನು" ಅಂದಳು. ಒಳ್ಳೆಯ ಚೇಷ್ಟೆಯೆಂದುಕೊಂಡು ನಾನು ಜೋರಾಗಿ ನಕ್ಕೆ. ಅವಳೂ ನಕ್ಕಳು. ಮತ್ತೆ ಆ ಮಾತು ತೆಗೆಯಲಿಲ್ಲ, ಹೊಲಿಗೆಯನ್ನೂ ನಿಲ್ಲಿಸಲಿಲ್ಲ. ಮಾಸ್ತರಿಕೆಯ ಜಾಣತನವೆಲ್ಲ ಎಲ್ಲಿ ಹೋಗಿತ್ತೋ, ಅದು ಚೇಷ್ಟೆಯಲ್ಲ ಎಂದು ನನಗೆ ಹೊಳೆಯಲಿಲ್ಲ.

ಹೊರಡುವ ಮುಂಚೆ ಒಮ್ಮೆ ಪೂರ್ತಿ ಹೊರೆ ಹೊತ್ತು ನಡೆದು ನೋಡಬೇಕು ಎಂಬುದೂ ಅವಳದೇ ಸೂಚನೆ. ಹಾನಗಲ್ಲಿನಿಂದ ಹಿರೇಕೆರೂರ ಸೀಮೆಯ ಅಬಲೂರಿನ ತನಕ, ಎರಡು ದಿನದ ನಡಿಗೆ. ಯಾರನ್ನೂ ದಾರಿ ಕೇಳುವಂತಿಲ್ಲ, ಬರೇ ದಿಕ್ಕು ತೋರಿಸುವ ಹೋಕಾಯಂತ್ರ ನೋಡಿ ಹೋಗಬೇಕು. "ಅಲ್ಲಿ ಯಾರನ್ನ ಕೇಳ್ತೀರಿ, ಹಿಮಾನ್ನೇನು?" ಎಂದು ಹೇಳಿ ನಮ್ಮಿಬ್ಬರನ್ನೂ ಬೆಳಗಿನ ಜಾವ ಬಾಗಿಲಿನಿಂದ ಹೊರಗೆ ಹಾಕಿದಳು. ಡೇರೆ, ಪಾತ್ರೆ, ರೊಟ್ಟಿ, ಕಂಬಳಿ ಕೋಟು, ಟೊಪ್ಪಿಗೆ ಎಲ್ಲ ಬೆನ್ನ ಮೇಲೆ. ಕಾಲಿಗೆ ಮೊಳೆ ಬಡಿದ ಬೂಟು. ಬಂಡಿಯ ದಾರಿ ಪಕ್ಕದಲ್ಲೇ ಇದ್ದರೂ ಯಂತ್ರದ ಮುಳ್ಳು ತೋರಿಸಿದ ಕಡೆಗೆ ನಾವು ಜಾಲಿಯ ಬೇಲಿಗಳನ್ನು ನುಗ್ಗಿಕೊಂಡು ಹೋದೆವು. ನೋಡಿದವರು ಸರ್ವೇ ಇಲಾಖೆಯವರೆಂದು ತಿಳಿದು ಕೈಮುಗಿದರು.

ಮೊದಲ ದಿನ ಬಿಸಿಲೇರುವ ಹೊತ್ತಿಗೆ ಒಂದು ಊರಿನಲ್ಲಿ ಯಾರದೋ ಮನೆಯ ಕಟ್ಟೆಯ ಮೇಲೆ ಕುಳಿತೆವು. ಬಂದವರಿಗೆ ಮೊದಲು ಬೆಲ್ಲ ನೀರು ಕೊಡುವುದು ನಮ್ಮ ಕಡೆಯ ರೂಢಿ. ಮನೆಯ ಹೆಣ್ಣುಮಗಳು ಕೇಳದೆಯೇ ತಾಟು ತಂದಿಟ್ಟಳು. ಅದರಲ್ಲಿ ಮೂರು ಚೂರು ಬೆಲ್ಲ, ಮೂರು ಚರಿಗೆ ನೀರು. ಚನ್ನಬಸಪ್ಪ ತನ್ನ ಗಾತ್ರ ನೋಡಿ ಎರಡು ಪಾಲು ಕೊಟ್ಟಿದ್ದಾಳೆ ಎಂದು ಖುಷಿಯಾಗಿ ಎರಡನ್ನೂ ಮುಗಿಸಿದ. ಆ ರಾತ್ರಿ ಒಂದು ಮಠದ ಜಗಲಿಯ ಮೇಲೆ ಬಿದ್ದುಕೊಂಡೆವು. ವಿಚಿತ್ರವಾದದ್ದೆಲ್ಲ ರಾತ್ರಿ ನಡೆಯುತ್ತದೆ ಎನ್ನುತ್ತಾರೆ. ನಮಗೆ ನಿದ್ದೆ ಬಿಟ್ಟು ಬೇರೇನೂ ಬರಲಿಲ್ಲ.

ಮರುದಿನ ಮಧ್ಯಾಹ್ನ ಅಬಲೂರು ಇನ್ನೇನು ಕಾಣುತ್ತದೆ ಎನ್ನುವಾಗ, ಬದುವಿನ ಬೇವಿನ ಮರದ ಕೆಳಗೆ ಹಗ್ಗ ಹೊಸೆಯುತ್ತಿದ್ದ ಒಬ್ಬ ಮುದುಕ ನಮ್ಮನ್ನು ತಡೆದ.

"ನಿಲ್ರಿ ಯಜಮಾನ್ರ. ಮೂರು ಮಂದಿ ಹೊಂಟೀರಿ, ದೂರದ ಹಾದಿ ಕಾಣತೈತಿ. ಹಂಗ ಹೋಗಬಾರದ್ರಿ" ಎಂದು ಬಗ್ಗಿ ಒಂದು ಬೆಣಚುಕಲ್ಲು ಹೆಕ್ಕಿ ನನ್ನ ಕೈಗಿಟ್ಟ. ಮೂವರು ಕೂಡಿ ಹೊರಟರೆ ಕೆಲಸ ಕೆಡುತ್ತದೆ, ಅದಕ್ಕೆ ಒಂದು ಕಲ್ಲನ್ನು ನಾಲ್ಕನೆಯವರೆಂದು ಜೊತೆಗೆ ಇಟ್ಟುಕೊಳ್ಳುವುದು ನಿಮಗೂ ಗೊತ್ತಿರಬಹುದು.

ಚನ್ನಬಸಪ್ಪ ನಕ್ಕ. "ಅಜ್ಜಾ, ಕಣ್ಣು ಮಂಜಾಗ್ಯಾವೇನು? ನಾವು ಇಬ್ಬರ ಅದೇವಿ."

"ಗಂಡಸ್ರು ಇಬ್ಬರು ಖರೆ. ಹಿಂದ ಬರಾಕತ್ತಾರಲ್ಲ, ಆ ಅವ್ವಾರು?"

ಆಗ ನಾವು ತಿರುಗಿ ನೋಡಿದೆವು. ಬೋಳು ಹೊಲ, ಅದರ ಮೇಲೆ ಕುಣಿಯುವ ಬಿಸಿಲು, ಧೂಳಿನಲ್ಲಿ ನಮ್ಮ ಬೂಟಿನ ಮೊಳೆಯ ಗುರುತು. ಬೇರೆ ಏನೂ ಇರಲಿಲ್ಲ. ಮುದುಕನೂ ಹಗ್ಗ ಬಿಟ್ಟು ಎದ್ದು ನಿಂತು ಕೈ ಅಡ್ಡ ಹಿಡಿದು ನೋಡಿದ.

"ಈಗ ಇದ್ರಲ್ಲರಿ" ಅಂದ. ಹೇಗಿದ್ದರು ಎಂದು ಕೇಳಿದೆ. "ಹಸರ ಕಚ್ಚಿ ಸೀರಿ. ಇಂಥಾ ಬಿಸಲಾಗ ತಲಿಮ್ಯಾಲ ಕಂಬಳಿ ಟೊಪಗಿ. ನಕ್ಕೋತ ಬರಾಕತ್ತಿದ್ರು. ನಿಮಗಿಂತ ಚಲೋ ನಡೀತಾರ."

ನಮ್ಮ ಎರಡು ಟೊಪ್ಪಿಗೆಗಳು ಗಂಟಿನ ತಳದಲ್ಲಿದ್ದವು. ಅವನ್ನು ಆ ಮುದುಕ ನೋಡಿರಲು ಸಾಧ್ಯವೇ ಇಲ್ಲ. ಹಸಿರು ಸೀರೆ ಹೊರಡುವ ದಿನ ತುಂಗಾ ಉಟ್ಟದ್ದು. ಚನ್ನಬಸಪ್ಪನ ಮುಖ ಸಪ್ಪಗಾಯಿತು. ಬೇರೆ ಊರಿನಲ್ಲಿದ್ದವರು ಹೀಗೆ ಕಂಡರೆಂದರೆ ಅವರು ತೀರಿಹೋದರೆಂದೇ ಜನ ತಿಳಿಯುತ್ತಾರೆಂಬುದು ಇಬ್ಬರಿಗೂ ಗೊತ್ತಿತ್ತು. "ಮಾಸ್ತರ, ವೈನಿಯವರು ಆರಾಮ ಅದಾರಲ್ಲ?" ಎಂದಷ್ಟೇ ಕೇಳಿದ. ಏನನ್ನೂ ನಂಬದ ನಾನು ಹಿರೇಕೆರೂರಿನ ಕಡೆಗೆ ಹೆಚ್ಚುಕಡಿಮೆ ಓಡಿದೆ. ಅಲ್ಲಿ ಮೋಟಾರಿಗೆ ಕಾಯುವಾಗ ಚನ್ನಬಸಪ್ಪ ಎಲ್ಲಿಗೋ ಹೋಗಿ ಬಂದ. ಎಲೆ ಅಡಿಕೆಗೆ ಹೋಗಿರಬೇಕೆಂದು ನಾನು ಕೇಳಲಿಲ್ಲ. ಹಾನಗಲ್ಲು ಮುಟ್ಟುವ ತನಕ ಮೈಲುಗಲ್ಲು ಎಣಿಸುತ್ತ ಕುಳಿತೆ.

ನಮ್ಮ ಓಣಿ ಹೊಕ್ಕಾಗ ದೀಪ ಹಚ್ಚುವ ಹೊತ್ತು. ಮನೆಯೊಳಗಿಂದ ಹೆಂಗಸರ ದೊಡ್ಡ ನಗು ಕೇಳಿಸಿತು. ಎರಡು ದಿನದಿಂದ ನಮ್ಮ ಮನೆಯಲ್ಲಿ ಹಪ್ಪಳದ ಕೆಲಸ, ನೆರೆಹೊರೆಯವರೆಲ್ಲ ಸೇರಿದ್ದರು. ನಡುವೆ ತುಂಗಾ, ಅದೇ ಹಸಿರು ಸೀರೆಯಲ್ಲಿ, ಒಣಗಿದ ಹಪ್ಪಳ ಎಣಿಸಿ ಕಟ್ಟುತ್ತಿದ್ದಳು. ನನಗೆ ಕಣ್ಣು ತುಂಬಿ ಬಂತು. ಅದನ್ನು ಮರೆಸಲು ಬೂಟು ಬಿಚ್ಚುತ್ತ ಕುಳಿತೆ. ಆಗ ಪಕ್ಕದ ಮನೆಯ ಗೋದಕ್ಕ ತಾನಾಗಿ ಸುರುಮಾಡಿದಳು.

"ನೀವು ಮಧ್ಯಾಹ್ನ ಇರಬೇಕಾಗಿತ್ರಿ. ಕಾಗಿ ಕಾಯ್ತೀನಂತ ನಿಮ್ಮ ತುಂಗಾ ಮಾಳಿಗಿ ಏರಿದ್ಲು. ತಲಿಮ್ಯಾಲೆ ಕಂಬಳಿ ಟೊಪಗಿ ಇಟ್ಕೊಂಡು ಈ ತುದಿಯಿಂದ ಆ ತುದಿಗೆ ನಡದದ್ದೇ ನಡದದ್ದು. ನಕ್ಕು ನಕ್ಕು ನಮಗೆಲ್ಲಾ ಹೊಟ್ಟಿ ನೋವು ಬಂತು."

ಟೊಪ್ಪಿಗೆ ಎರಡೇ ಇದ್ದವು, ಎರಡೂ ನಮ್ಮ ಗಂಟಿನಲ್ಲಿದ್ದವು. ಯಾವ ಟೊಪ್ಪಿಗೆ ಎಂದು ಕೇಳಿದೆ. ತುಂಗಾ ಮುಖ ಕೆಂಪು ಮಾಡಿಕೊಂಡು ಒಳಗೆ ಹೋಗಿ, ಅಕ್ಕಿಯ ಡಬ್ಬಿಯ ಹಿಂದಿನಿಂದ ತಂದು ತೋರಿಸಿದಳು. ದರ್ಜಿ ಬಿಟ್ಟ ಕಂಬಳಿಯ ಚೂರುಗಳನ್ನು ಜೋಡಿಸಿ ಹೊಲಿದ ಮೂರನೆಯ ಟೊಪ್ಪಿಗೆ. "ಚೂರು ಉಳದಿದ್ವು, ಸುಮ್ಮನ ಹೊಲದೆ" ಅಂದಳು. ಎರಡು ದಿನವೂ ಬಾಗಿಲಲ್ಲೇ ಕುಳಿತಿದ್ದ ನಮ್ಮ ತಂದೆಯವರನ್ನು ಕೇಳಿದರೆ, ಸೊಸೆ ಹೊಸ್ತಿಲು ದಾಟಿಯೇ ಇಲ್ಲ ಎಂದರು.

ಆ ಟೊಪ್ಪಿಗೆಯನ್ನು ಕೈಯಲ್ಲಿ ಹಿಡಿದು ನಿಂತಾಗ ನನಗೆ ನಾಚಿಕೆಯಾಯಿತು. ನಾನು ಚನ್ನಬಸಪ್ಪನ ಕಡೆಗೆ ತಿರುಗಿ, ಮೂರು ಟಿಕೀಟು ತೆಗೆಸಬೇಕು ಎಂದೆ.

"ಹಿರೇಕೆರೂರಾಗ ಕಾಗದ ಟಪಾಲಿಗೆ ಹಾಕಿ ಬಂದೇನಿ. ಮೂರ ಅಂತ ಬರದೇನಿ. ಹಂಗ ಬರದ್ರ ವೈನಿಯವರು ಜೀವಂತ ಇರಲೇಬೇಕಲ್ಲ" ಅಂದ.

ತುಂಗಾ ಏನೂ ಅರ್ಥವಾಗದೆ ಇಬ್ಬರ ಮುಖವನ್ನೂ ನೋಡಿದಳು. ನಾನು ಎಲ್ಲ ಹೇಳಿದೆ. ನಮ್ಮ ತಂದೆಯವರು, ಮೂವರು ಹೋಗಬಾರದಲ್ಲ ಎಂದಷ್ಟೇ ಆಕ್ಷೇಪ ಎತ್ತಿದರು. ನಾನು ಜೇಬಿನಿಂದ ಬೆಣಚುಕಲ್ಲು ತೆಗೆದು ಅವರ ಮುಂದೆ ಇಟ್ಟೆ. ಅವರಿಗೂ ನಗು ಬಂತು.

ಮುಂದಿನ ನಾಲ್ಕು ತಿಂಗಳು ನಮ್ಮ ಮನೆಯಲ್ಲಿ ಹಬ್ಬವೇ. ಡೇರೆಯನ್ನು ಬಿಚ್ಚಿ ಅಗಲ ಮಾಡಿದೆವು. ಹೆಂಗಸರ ಅಳತೆಯ ಬೂಟು ಹೊಲಿಯುವುದಿಲ್ಲವೆಂದು ಹಟ ಹಿಡಿದ ಮೋಚಿಯನ್ನು ಚನ್ನಬಸಪ್ಪ ಒಪ್ಪಿಸಿದ. ಅಷ್ಟರಲ್ಲಿ ಯುದ್ಧ ಬಂತು, ಹಡಗು ನಿಂತವು, ಆ ಅಧಿಕಾರಿಯ ಕಾಗದಗಳೂ ನಿಂತವು. ನಾವು ಹೋಗಲಿಲ್ಲ. ಆಮೇಲೆಯೂ ಹೋಗಲಾಗಲಿಲ್ಲ. ಆದರೆ ಹೊಲಿಸಿದ ಬೂಟು ನಮ್ಮನ್ನು ಸುಮ್ಮನೆ ಬಿಡಲಿಲ್ಲ. ರಜೆ ಸಿಕ್ಕಾಗಲೆಲ್ಲ ಮೂವರೂ ತಡಸದ ತನಕ, ಹುಲಗೂರಿನ ದರ್ಗಾದ ತನಕ ಬೆನ್ನಿಗೆ ಗಂಟು ಹಾಕಿಕೊಂಡು ನಡೆದೆವು. ತುಂಗಾ ಯಾವಾಗಲೂ ಮುಂದೆ.

ಮರುವರ್ಷದ ಬೇಸಿಗೆಯಲ್ಲಿ ಅವಳನ್ನು ಅಬಲೂರಿಗೂ ಕರೆದುಕೊಂಡು ಹೋದೆವು. ಆ ಮುದುಕ ಅದೇ ಬೇವಿನ ಮರದ ಕೆಳಗಿದ್ದ. ನಾವು ಬಾಯಿ ತೆಗೆಯುವ ಮೊದಲೇ ತುಂಗಾಳನ್ನು ನೋಡಿ, "ಬರ್ರಿ ಅವ್ವಾರ. ಹೋದ ವರ್ಷ ನೀರು ಸುದ್ದಾ ಕುಡೀಲಿಲ್ಲ ನೀವು" ಅಂದ.

ಬಿಸಿಲಿನ ಝಳ, ಮುದುಕನ ಭ್ರಮೆ, ಕಾಕತಾಳೀಯ ಎಂದು ನಾನು ಎಷ್ಟೋ ಕಾರಣ ಜೋಡಿಸಿ ನೋಡಿದ್ದೇನೆ. ಒಂದು ಕೂಡಿದರೆ ಇನ್ನೊಂದು ಕೂಡುವುದಿಲ್ಲ. ಅಂದು ತಿರುಗಿ ಬರುವ ದಾರಿಯಲ್ಲಿಯೂ ಅದನ್ನೇ ತುಂಗಾಳಿಗೆ ಬಿಡಿಸಿ ಬಿಡಿಸಿ ಹೇಳುತ್ತಿದ್ದೆ. ನೀನು ಮನೆಯಲ್ಲೇ ಇದ್ದಿ, ಸಾಕ್ಷಿಗಳಿದ್ದಾರೆ, ನೀನು ಅಲ್ಲಿಗೆ ಬಂದಿರಲಿಲ್ಲ ಎಂಬುದಂತೂ ಖಚಿತ ಎಂದೆ. ಅವಳು ನಡಿಗೆ ನಿಧಾನ ಮಾಡದೆ ಒಂದೇ ಮಾತು ಕೇಳಿದಳು.

"ಆ ಅಜ್ಜ ಹೇಳೋತನಕ, ಎರಡು ದಿವಸದಾಗ ನೀವು ಒಮ್ಮೆರೆ ಹಿಂದ ತಿರುಗಿ ನೋಡಿದ್ರೇನು?"

ನನ್ನ ಕಣ್ಣೆಲ್ಲ ಹೋಕಾಯಂತ್ರದ ಮೇಲಿತ್ತು. ಇಲ್ಲ ಎಂದೆ.

"ಮತ್ತ ನಾ ಇರಲಿಲ್ಲಾ ಅಂತ ಹ್ಯಾಂಗ ಹೇಳ್ತೀರಿ?"