ನಾನು ಲೆಫ್ಟ್ ಬ್ಯಾಕ್ ಆದ ವರ್ಷ

ನಮ್ಮಣ್ಣ ಓದಿದ ಕಾಲೇಜಿನಲ್ಲೇ ನಾನೂ ಓದಿದೆ. ಅವನು ಆಡಿದ ಫುಟ್‌ಬಾಲ್ ತಂಡದಲ್ಲಿ, ಅವನು ಆಡಿದ ಜಾಗದಲ್ಲೇ ಆಡಿದೆ. ತೊಂದರೆ ಶುರುವಾದದ್ದೇ ಅಲ್ಲಿಂದ.

ಅಣ್ಣ ಸೆಂಟರ್ ಫಾರ್ವರ್ಡ್, ಮುಂದೆ ನಿಂತು ಗೋಲು ಹೊಡೆಯುವವನು. ಅವನು ಕಾಲೇಜು ಬಿಟ್ಟು ನಾಲ್ಕೈದು ವರ್ಷ ಕಳೆದಿದ್ದರೂ, ಯಶವಂತಪುರದ ಮೈದಾನದ ಎದುರಿನ ಹೋಟೆಲಿನ ಯಜಮಾನರು ಅವನ ಗೋಲುಗಳನ್ನು ನಿನ್ನೆ ಮೊನ್ನೆ ನೋಡಿದವರಂತೆ ವರ್ಣಿಸುತ್ತಿದ್ದರು. ಆಟದಿಂದಲೇ ಅವನಿಗೆ ಬ್ಯಾಂಕಿನಲ್ಲಿ ಕೆಲಸ ಸಿಕ್ಕಿತ್ತು. ಆರ್.ಟಿ. ನಗರದ ನಮ್ಮ ಮನೆಯ ಷೋಕೇಸಿನ ತುಂಬ ಅವನು ತಂದ ಕಪ್‌ಗಳು. ‘ಚಿಕ್ಕೋನೂ ಹಿಂಗೇ ಆಡಿ ಎಲ್ಲಾದ್ರೂ ಒಂದು ಕಡೆ ಸೇರ್ಕೋತಾನೆ’ ಎಂದು ಅಪ್ಪ ಮನೆಗೆ ಬಂದವರಿಗೆಲ್ಲ ಹೇಳುತ್ತಿದ್ದರು.

ಚಿಕ್ಕವನು ಗೋಲು ಹೊಡೆಯುತ್ತಿರಲಿಲ್ಲ. ಅಭ್ಯಾಸದಲ್ಲಿ ಹೊಡೆಯುತ್ತಿದ್ದೆ, ಪಂದ್ಯದಲ್ಲಿ ಆಗುತ್ತಿರಲಿಲ್ಲ. ಗೋಲು ಕಂಬಗಳ ಮುಂದೆ ಚೆಂಡು ಕಾಲಿಗೆ ಬಂದರೆ ಸಾಕು, ಕಾಲು ಯಾರದೋ ಆಗಿಬಿಡುತ್ತಿತ್ತು. ನಾನು ಮೊದಲನೇ ಬಿ.ಎಸ್ಸಿ.ಯಲ್ಲಿದ್ದ ವರ್ಷ ನಾವು ಅಂತರ ಕಾಲೇಜು ಲೀಗಿನಲ್ಲಿ ಕಟ್ಟಕಡೆಯಲ್ಲಿ ಬಂದೆವು. ಆಗಿನ ಕೋಚ್ ಪ್ರತಿ ಸೋಲಿನ ಮೇಲೂ ಎಲ್ಲರೆದುರು ನನ್ನನ್ನು ನಿಲ್ಲಿಸಿ, ‘ನಿಮ್ಮಣ್ಣ ಇಲ್ಲಿ ಏನ್ ಆಡ್ತಿದ್ದ ಗೊತ್ತಾ?’ ಎನ್ನುತ್ತಿದ್ದರು. ನನಗೆ ಗೊತ್ತಿತ್ತು. ಪಂದ್ಯದ ದಿನ ಬೆಳಿಗ್ಗೆ ಹೊಟ್ಟೆಗೆ ಏನೂ ಸೇರುತ್ತಿರಲಿಲ್ಲ. ಬಲವಂತವಾಗಿ ತಿಂದರೆ ಮೈದಾನದ ಮೂಲೆಯ ಹುಣಸೆಮರದ ಹಿಂದೆ ವಾಂತಿಯಾಗುತ್ತಿತ್ತು. ಇದನ್ನು ಮನೆಯಲ್ಲಿ ಹೇಳಿರಲಿಲ್ಲ.

ಆ ಕೋಚ್‌ಗೆ ವರ್ಗವಾಯಿತು. ನಾನು ಎರಡನೇ ಬಿ.ಎಸ್ಸಿ.ಗೆ ಬಂದಾಗ ಬೆಳಗಾವಿ ಕಡೆಯಿಂದ ಹೊಸಬರು ಬಂದರು. ನಡುವಯಸ್ಸು, ದಪ್ಪ ಮೀಸೆ, ಸ್ವಲ್ಪ ಹೊಟ್ಟೆ. ಅವರ ಮಾತು ನಮ್ಮ ಹುಡುಗರಿಗೆ ನಗು ತರಿಸುತ್ತಿತ್ತು. ನಾವು ‘ಬೇಗ ಬನ್ರೋ’ ಎನ್ನುವ ಕಡೆ ಅವರು ‘ಲಗೂನ ಬರ್ರಿ’ ಎನ್ನುತ್ತಿದ್ದರು. ನಾವು ಮುಖ ಎನ್ನುವುದಕ್ಕೆ ಅವರದು ಮಾರಿ, ಕಡಲೆಕಾಯಿಗೆ ಶೇಂಗಾ. ಅವರ ಮನೆಯವರು ಮಾಡಿಕೊಟ್ಟ ಶೇಂಗಾ ಉಂಡಿ ಡಬ್ಬಿಯಲ್ಲಿ ತಂದು ಅಭ್ಯಾಸ ಮುಗಿದ ಮೇಲೆ ಹಂಚುತ್ತಿದ್ದರು. ಉಂಡೆ ಬಾಯಿಗೆ ಬಿದ್ದ ಮೇಲೆ ನಗುವುದು ತಾನಾಗಿ ನಿಂತಿತು.

ಅವರು ಹೆಚ್ಚು ಮಾತಾಡುವವರಲ್ಲ. ಮೊದಮೊದಲು ಬರೀ ಗೆರೆಯಾಚೆ ಕೈಕಟ್ಟಿ ನಿಂತು ನೋಡುತ್ತಿದ್ದರು. ಲೀಗಿನ ಮೊದಲ ಎರಡು ಪಂದ್ಯಗಳನ್ನು ಸೋತೆವು. ಅವರು ಬೈಯಲಿಲ್ಲ. ಮೂರನೆಯ ಪಂದ್ಯದ ದಿನ ನಾನು ಹುಣಸೆಮರದ ಹಿಂದಿನಿಂದ ಬಾಯಿ ಒರೆಸಿಕೊಂಡು ಬರುವಾಗ ಅವರು ಎದುರಿಗೇ ನಿಂತಿದ್ದರು.

“ನಾಷ್ಟಾ ಮಾಡಿಯೇನಪಾ?”

“ಇಲ್ಲ ಸರ್. ಮ್ಯಾಚ್ ಇದ್ರೆ ತಿನ್ನೋಕಾಗಲ್ಲ.”

“ಎಷ್ಟ ದಿನದಿಂದ ಹಿಂಗ?”

“ಹೋದ ವರ್ಷದಿಂದ ಸರ್.”

ಅವರು ಮರದ ಬೇರಿನ ಮೇಲೆ ಕುಳಿತು, “ಕೂಡು ಇಲ್ಲೆ” ಎಂದರು. ಕುಳಿತೆ.

“ಖರೆ ಹೇಳು. ಬಾಲ್ ಕಾಲಿಗೆ ಬಂದ ಕೂಡ್ಲೆ ಏನ್ ವಿಚಾರ ಮಾಡ್ತಿ?”

“ತಪ್ಪೋದ್ರೆ ಏನ್ಮಾಡೋದು ಅಂತ ಸರ್.”

“ಅಂಜಿಕಿ ಯಾರದು? ನಂದೋ?”

“ನಿಮ್ದಲ್ಲ ಸರ್.” ನನಗೆ ಅಣ್ಣನ ವಿಷಯ ಹೇಳದೆ ವಿಧಿಯಿರಲಿಲ್ಲ. ಅವನ ಗೋಲುಗಳು, ಬ್ಯಾಂಕಿನ ಕೆಲಸ, ಅಪ್ಪನ ಮಾತು, ಎಲ್ಲ ಹೇಳಿದೆ.

“ನಿಮ್ಮಣ್ಣನ್ನ ನಾ ನೋಡಿಲ್ಲ,” ಎಂದರು ಕೊನೆಗೆ. “ನಿನ್ನ ನೋಡೀನಿ. ಬಾಲ್ ನಮ್ಮ ಗೋಲ್ ಕಡೆ ಹೋತಂದ್ರ ನೀ ಅಷ್ಟು ದೂರಿಂದ ಹಿಂದ ಓಡಿ ಬರ್ತಿ. ಬಾ ಅಂತ ನಿನಗ ಯಾರೂ ಹೇಳಿರಂಗಿಲ್ಲ. ಆವಾಗ ನಿನ್ನ ಮಾರಿ ಮ್ಯಾಲ ಅಂಜಿಕಿ ಇರಂಗಿಲ್ಲ. ಇವತ್ತಿಂದ ಲೆಫ್ಟ್ ಬ್ಯಾಕ್ ಆಡು.”

ಲೆಫ್ಟ್ ಬ್ಯಾಕ್ ಎಂದರೆ ಎಡಗಡೆಯ ಹಿಂದಿನ ಕಾವಲು. ನಮ್ಮಲ್ಲಿ ಆ ಜಾಗಕ್ಕೆ ಬೇರೆಲ್ಲೂ ಸಲ್ಲದವರನ್ನು ಹಾಕುವ ರೂಢಿ. ನನ್ನ ಮುಖ ಸಪ್ಪಗಾಯಿತು. ಅಲ್ಲಿಯವರೆಗೆ ಅಲ್ಲಿ ಆಡುತ್ತಿದ್ದವನು ರೈಲ್ವೆ ಕ್ವಾರ್ಟರ್ಸಿನ ಕುಳ್ಳ ಹುಡುಗ, ನನ್ನ ಗೆಳೆಯ. ಅವನನ್ನು ಮುಂದಕ್ಕೆ ಕಳಿಸಿದರು. ಅವನು ಹೆದರುವ ಬದಲು ಕೈ ಉಜ್ಜಿಕೊಂಡ. “ಥ್ಯಾಂಕ್ಸ್ ಮಚ್ಚಾ, ಹಿಂದೆ ನಿಂತು ನಿಂತು ಬೇಜಾರಾಗಿತ್ತು” ಎಂದ. ಮುಂದಿನ ಜಾಗವನ್ನು ನಾನೇ ಬಿಟ್ಟುಕೊಟ್ಟೆ ಎಂದು ಅವನು ತಿಳಿದಿದ್ದ.

ಆ ದಿನವೂ ಸೋತೆವು. ಆದರೆ ಒಂದೇ ಗೋಲಿನಲ್ಲಿ. ಆಟ ಮುಗಿಸಿ ಬಸ್ಸಿನಲ್ಲಿ ಕುಳಿತು ಮೇಖ್ರಿ ಸರ್ಕಲ್ ಕಡೆ ಬರುವಾಗ ಅವಮಾನವಾಗಿದೆ ಎಂದೇ ನನಗೆ ನಾನು ಹೇಳಿಕೊಳ್ಳುತ್ತಿದ್ದೆ. ಅಷ್ಟರಲ್ಲಿ ವಿಪರೀತ ಹಸಿವಾಯಿತು. ಮನೆಗೆ ಹೋಗಿ ಉಳಿದಿದ್ದ ಚಿತ್ರಾನ್ನವನ್ನೆಲ್ಲ ಬಾಣಲೆಯಿಂದಲೇ ತಿಂದೆ. ಅಮ್ಮ ಬಾಗಿಲಲ್ಲಿ ನಿಂತು ನೋಡಿ, “ಗೆದ್ರೇನೋ?” ಎಂದರು. “ಇಲ್ಲಮ್ಮ” ಎಂದೆ. ತಟ್ಟೆ ಹಾಕಿಕೊಂಡು ತಿನ್ನಬಾರದಾ ಎಂದು ಗೊಣಗಿಕೊಂಡು ಒಳಗೆ ಹೋದರು.

ಅಲ್ಲಿಂದ ಆಟದ ರುಚಿಯೇ ಬೇರೆಯಾಯಿತು. ಹಿಂದೆ ನಿಂತವನಿಗೆ ಇಡೀ ಮೈದಾನ ಎದುರಿಗೆ ಕಾಣುತ್ತದೆ. ಯಾರು ಎಲ್ಲಿ ಓಡುತ್ತಾರೆ, ಚೆಂಡು ಯಾವ ಕಡೆ ತಿರುಗುತ್ತದೆ ಎನ್ನುವುದು ನನಗೆ ಮೊದಲೇ ಹೊಳೆಯತೊಡಗಿತು. ನನ್ನ ಎಡಗಾಲು ಬರೀ ನಿಲ್ಲುವುದಕ್ಕೆ ಎಂದುಕೊಂಡಿದ್ದೆ. ಕೋಚ್ ದಿನಾ ಸಂಜೆ ಮೈದಾನದ ಪಕ್ಕದ ರೈಲ್ವೆ ಗೂಡ್ಸ್ ಶೆಡ್ಡಿನ ಗೋಡೆಗೆ ಆ ಕಾಲಿನಲ್ಲೇ ಚೆಂಡು ಹೊಡೆಸಿದರು. “ಎದುರಿಗೆ ಬಂದವ ಮೈ ಕುಣಿಸ್ತಾನ, ಕಣ್ಣು ಕುಣಿಸ್ತಾನ. ನೀ ಬಾಲ್ ನೋಡು, ಅವನ ಮಾರಿ ನೋಡಬ್ಯಾಡ” ಎನ್ನುತ್ತಿದ್ದರು. ಹೆಸರಘಟ್ಟದ ಕಡೆಯ ಹುಡುಗರ ಜೊತೆ ಅಲ್ಲಿನ ಹುಲ್ಲುಗಾವಲಿನಲ್ಲಿ ಸ್ನೇಹದ ಪಂದ್ಯ ಆಡಿಸಿದರು. ಕುಳ್ಳ ಗೆಳೆಯ ಮುಂದೆ ಸಿಕ್ಕಸಿಕ್ಕ ಹಾಗೆ ನುಗ್ಗಿ ಗೋಲು ಹೊಡೆದ. ತಪ್ಪಿದರೂ ನಗುತ್ತಿದ್ದ.

ಮನೆಯಲ್ಲಿ ಮಾತ್ರ ನಾನು ಜಾಗ ಬದಲಾದದ್ದನ್ನು ಹೇಳಲಿಲ್ಲ. ಅಣ್ಣನಿಗೆ ಭಾನುವಾರಗಳಲ್ಲಿ ಅವನದೇ ಪಂದ್ಯಗಳು, ನಮ್ಮ ಆಟ ನೋಡಲು ಅವನು ಬಂದಿರಲಿಲ್ಲ. ‘ಹೆಂಗಾಯ್ತೋ?’ ಎಂದು ಕೇಳಿದರೆ ಗೆದ್ದೆವು ಅಥವಾ ಸೋತೆವು ಎಂದು ಹೇಳಿ ಬಚ್ಚಲಿಗೆ ಹೋಗುತ್ತಿದ್ದೆ.

ಹೊಸ ಕೋಚ್ ಬಂದರೆಂದು ನಾವೇನೂ ಚಾಂಪಿಯನ್ ಆಗಲಿಲ್ಲ. ಕೆಲವು ಗೆದ್ದೆವು, ಕೆಲವು ಸೋತೆವು. ಕೊನೆಯ ಪಂದ್ಯಕ್ಕೆ ಬರುವ ಹೊತ್ತಿಗೆ, ಸೋತರೆ ಮತ್ತೆ ಕಟ್ಟಕಡೆಯ ಸ್ಥಾನ, ಸಮ ಮಾಡಿಕೊಂಡರೂ ಬಚಾವ್ ಎನ್ನುವ ಪರಿಸ್ಥಿತಿ. ಮತ್ತೆ ಕೊನೆಗೇ ಬಂದರೆ ಫುಟ್‌ಬಾಲ್ ನಿಲ್ಲಿಸಿ ವಾಲಿಬಾಲ್ ಒಂದನ್ನೇ ಇಡೋಣ ಎಂದು ಪ್ರಿನ್ಸಿಪಾಲರು ಆಗಲೇ ಹೇಳಿದ್ದರು. ಪಂದ್ಯ ವಾರದ ಮಧ್ಯೆ, ಅದೂ ಬ್ಯಾಂಕಿಗೆ ರಜೆಯ ದಿನ. ಬೆಳಿಗ್ಗೆ ಅಣ್ಣ ಶೂ ಕಟ್ಟಿಕೊಳ್ಳುತ್ತ, “ಬರ್ತೀನಿ ಇವತ್ತು. ಎಷ್ಟೊತ್ತಿಗೆ?” ಎಂದ. ಹೊತ್ತು ಹೇಳಿ, ತಿನ್ನುತ್ತಿದ್ದ ತಟ್ಟೆಯನ್ನು ಅರ್ಧಕ್ಕೇ ಬಿಟ್ಟು ಎದ್ದೆ.

ಮೈದಾನದಲ್ಲಿ ಅಣ್ಣ ಹೋಟೆಲಿನ ಯಜಮಾನರ ಪಕ್ಕದಲ್ಲೇ ನಿಂತ. ನಾನು ಆ ಕಡೆ ನೋಡದೆ ನನ್ನ ಜಾಗಕ್ಕೆ ಹೋಗಿ ನಿಂತೆ. ಎದುರಿನವರು ಪೇಟೆ ಕಡೆಯ ಕಾಲೇಜಿನವರು, ಎತ್ತರದ ಹುಡುಗರು. ಮೊದಲರ್ಧದಲ್ಲೇ ಒಂದು ಗೋಲು ಹೊಡೆದರು. ವಿರಾಮದ ನಂತರ ಗುಂಪಿನಲ್ಲಿ ಯಾರದೋ ಮೊಣಕಾಲಿಗೆ ತಾಗಿ ಬಂದ ಚೆಂಡನ್ನು ಕುಳ್ಳ ಗೆಳೆಯ ಒಳಗೆ ತಳ್ಳಿ ಸಮ ಮಾಡಿದ.

ಆಮೇಲೆ ನಮಗೆ ಪೆನಾಲ್ಟಿ ಸಿಕ್ಕಿತು. ಹಳೆಯ ಅಭ್ಯಾಸದಿಂದ ಒಂದಿಬ್ಬರು ನನ್ನ ಕಡೆ ತಿರುಗಿದರು. ನಾನು ಕೋಚ್ ಕಡೆ ನೋಡಿದೆ. ಅವರು ನೀನಲ್ಲ ಎಂದು ಕೈಯಾಡಿಸಿ ಕುಳ್ಳನನ್ನು ತೋರಿಸಿದರು. ನನ್ನ ಮೈಯೆಲ್ಲ ಹಗುರವಾಯಿತು. ಅವನು ಜೋರಾಗಿ ಓಡಿ ಬಂದು ಹೊಡೆದ. ಚೆಂಡು ಕಂಬದ ಮೇಲಿನಿಂದ ಹಾರಿಹೋಯಿತು.

ಈಗ ಬೈಗುಳ ಬರುತ್ತದೆ ಎಂದು ಕಾದೆ. ಗೆಳೆಯ ತಲೆಯ ಮೇಲೆ ಕೈಹೊತ್ತು ಅಲ್ಲೇ ಕುಕ್ಕರಿಸಿದ. ಗೆರೆಯಾಚೆಯಿಂದ ಕೋಚ್ ದನಿ ಕೇಳಿತು: “ಏಳೋ ತಮ್ಮಾ. ಹೋದದ್ದು ಬಾಲು, ನಿನ್ನ ತಲಿ ಅಲ್ಲ. ಹೊಳ್ಳಿ ಓಡು.” ಅವನು ಎದ್ದು ಹಿಂದಕ್ಕೆ ಓಡಿದ. ಅಷ್ಟೇ. ಬೇರೇನೂ ಆಗಲಿಲ್ಲ. ಇಷ್ಟು ದೊಡ್ಡ ತಪ್ಪು ಇಷ್ಟು ಬೇಗ ಮುಗಿದುಹೋಗುತ್ತದೆ ಎನ್ನುವುದು ನನಗೆ ಅಲ್ಲಿಯವರೆಗೆ ಗೊತ್ತಿರಲಿಲ್ಲ.

ಕೊನೆಯ ಹೊತ್ತೆಲ್ಲ ಆಟ ನಮ್ಮ ಗೋಲಿನ ಮುಂದೆಯೇ ನಡೆಯಿತು. ಅವರ ಎತ್ತರದ ಹುಡುಗ ನನ್ನ ಕಡೆಯಿಂದಲೇ ಮತ್ತೆ ಮತ್ತೆ ಬಂದ. ಒಂದು ಸಲ ನನ್ನ ಹಿಂದೆ ಗೋಲ್‌ಕೀಪರನನ್ನು ಬಿಟ್ಟರೆ ಬೇರೆ ಯಾರೂ ಇರಲಿಲ್ಲ. ಅವನು ಭುಜ ಆ ಕಡೆ ಬಾಗಿಸಿದ, ಈ ಕಡೆ ಬಾಗಿಸಿದ. ನಾನು ಚೆಂಡನ್ನಷ್ಟೇ ನೋಡಿಕೊಂಡು ಹಿಂದೆ ಹಿಂದೆ ಸರಿದೆ. ಅವನು ಅದನ್ನು ಕೊಂಚ ಮುಂದೆ ಬಿಟ್ಟ. ಎಡಗಾಲಿನಿಂದ ಎತ್ತಿ ಹೊಡೆದೆ. ಚೆಂಡು ಕಾಂಪೌಂಡು ದಾಟಿ ರೈಲು ಹಳಿಯ ಕಡೆ ಹೋಗಿ ಬಿತ್ತು. ಯಾರೋ ಹೋಗಿ ತಂದರು, ಎದುರು ತಂಡದವರು ಒಳಗೆ ಎಸೆದರು. ರೆಫರಿ ಉದ್ದಕ್ಕೆ ಸೀಟಿ ಊದಿದರು. ಆಟ ಸಮ, ನಾವು ಬಚಾವ್.

ಹುಡುಗರೆಲ್ಲ ಒಬ್ಬರ ಮೇಲೊಬ್ಬರು ಬಿದ್ದುಕೊಂಡಿರುವಾಗ ಅಣ್ಣ ನನ್ನ ಹತ್ತಿರ ಬಂದ.

“ಎಡಗಾಲಲ್ಲಿ ಯಾವಾಗ ಕಲ್ತೆಯೋ?” ಎಂದು ಕೇಳಿದ. “ನನಗೆ ಈಗ್ಲೂ ಬರಲ್ಲ ಅದು.”

“ನಾನು ಈಗ ಬ್ಯಾಕ್ ಆಡ್ತಿದ್ದೀನಿ ಅಂತ ಹೇಳಿರ್ಲಿಲ್ಲ ನಿನಗೆ,” ಎಂದೆ.

“ಅದ್ರಲ್ಲಿ ಹೇಳೋದೇನಿದೆ?”

“ನೀನು ಫಾರ್ವರ್ಡ್ ಆಡ್ತಿದ್ದೆ, ಅದಕ್ಕೆ.”

ಅವನಿಗೆ ನಿಜಕ್ಕೂ ಅರ್ಥವಾಗಲಿಲ್ಲ. ನನ್ನ ಮುಖವನ್ನೇ ನೋಡಿ, “ನಾನು ಫಾರ್ವರ್ಡ್ ಆಡಿದ್ರೆ ನೀನೂ ಆಡ್ಬೇಕು ಅಂತ ಯಾರ್ ಹೇಳಿದ್ರು?” ಎಂದ. ಯಾರು ಹೇಳಿದ್ದು ಎಂದು ಯೋಚಿಸಿದೆ. ಹಳೆಯ ಕೋಚ್ ಹೇಳಿದ್ದರು, ಅಪ್ಪ ಹೇಳಿದ್ದರು. ಅಣ್ಣ ಯಾವತ್ತೂ ಹೇಳಿರಲಿಲ್ಲ.

“ಅಪ್ಪ ಏನಂತಾರೋ” ಎಂದೆ.

“ಅಪ್ಪಂಗೆ ಬ್ಯಾಕೂ ಗೊತ್ತಿಲ್ಲ, ಫಾರ್ವರ್ಡೂ ಗೊತ್ತಿಲ್ಲ. ನಾನ್ ಹೇಳ್ತೀನಿ ಬಿಡು. ನಡಿ, ಏನಾದ್ರೂ ತಿನ್ನೋಣ.”

ಹೊರಡುವ ಮೊದಲು ಅವನನ್ನು ಕೋಚ್ ಹತ್ತಿರ ಕರೆದುಕೊಂಡು ಹೋದೆ. “ನೀವೇನ್ರಿ ಅಣ್ಣಾವ್ರು?” ಎಂದು ಅವರು ಕೈ ಹಿಡಿದುಕೊಂಡು ಮಾತಾಡಿಸಿದರು. ಅಣ್ಣನ ಆಟದ ಬಗ್ಗೆ ಏನೂ ಕೇಳಲಿಲ್ಲ. ಶೇಂಗಾ ಉಂಡಿಯ ಡಬ್ಬಿ ಮುಂದೆ ಹಿಡಿದರು. ಅಣ್ಣ ಎರಡು ತೆಗೆದುಕೊಂಡ.

ಎದುರಿನ ಹೋಟೆಲಿನಲ್ಲಿ ಇಬ್ಬರೂ ಮಸಾಲೆ ದೋಸೆ ತಿಂದೆವು. ಬೈಟು ಕಾಫಿ ಹಂಚಿಕೊಂಡು ಕುಡಿದೆವು. ಬಸ್ಸಿನಲ್ಲಿ ಅಣ್ಣ ನನ್ನ ಭುಜಕ್ಕೆ ತಲೆಯಿಟ್ಟು ನಿದ್ದೆ ಹೋದ. ಮನೆಗೆ ಬಂದಾಗ ಅಪ್ಪ ಪೇಪರು ಓದುತ್ತಿದ್ದರು. ಅಣ್ಣ ಚಪ್ಪಲಿ ಸ್ಟ್ಯಾಂಡಿನ ಹತ್ತಿರ ನಿಂತುಕೊಂಡೇ, “ಅಪ್ಪಾ, ಇವನು ಈಗ ಬ್ಯಾಕ್. ಒಳ್ಳೆ ಬ್ಯಾಕ್” ಎಂದ.

“ಹೌದಾ,” ಎಂದರು ಅಪ್ಪ. “ಹಂಗಾದ್ರೆ ಕೆಲಸ?”

“ಬ್ಯಾಂಕ್ ಪರೀಕ್ಷೆ ಬರೀತಾನೆ ಬಿಡಿ, ಎಲ್ರೂ ಬರೀತಾರಲ್ಲ.”

ಅಪ್ಪ ನನ್ನ ಕಡೆ ತಿರುಗಿದರು. “ಸರಿ, ಲೆಕ್ಕದಲ್ಲಿ ಸ್ವಲ್ಪ ಗಮನ ಕೊಡು ಮತ್ತೆ” ಎಂದು ಪುಟ ಮಗುಚಿದರು. ನಾನು ಬೂಟು ಕೈಯಲ್ಲಿ ಹಿಡಿದು ಹಿತ್ತಲಿಗೆ ಹೋದೆ. ಕಲ್ಲಿನ ಮೇಲೆ ಕುಳಿತು, ಅಂಟಿದ್ದ ಕೆಮ್ಮಣ್ಣನ್ನು ಕಡ್ಡಿಯಿಂದ ಕೆರೆಯತೊಡಗಿದೆ. ಅಮ್ಮ ಒಳಗಿನಿಂದ, ನೀರು ಕಾದಿದೆ, ಸ್ನಾನಕ್ಕೆ ಬಾ ಎಂದು ಕೂಗುತ್ತಿದ್ದರು.