ಪ್ರಲ್ಹಾದ ಕಟ್ಟಿದ ದಾರಗಳು

ಕಂಪ್ಯೂಟರಿನ ಪರದೆಯ ಮೇಲೆ ಏನಾದರೂ ತಪ್ಪು ಕಂಡರೆ ಪ್ರಲ್ಹಾದ ಮೊದಲು ತನ್ನ ಎರಡೂ ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಳ್ಳುತ್ತಿದ್ದ. ಹಾವು ಕಂಡವರಂತೆ ಕುರ್ಚಿಯನ್ನು ಹಿಂದಕ್ಕೆ ಸರಿಸಿ, ಕುತ್ತಿಗೆಯನ್ನು ಮಾತ್ರ ಮುಂದೆ ಚಾಚಿ ನೋಡುತ್ತಿದ್ದ. "ಮುಟ್ಟಬ್ಯಾಡ್ರಿ. ಮೊದಲ ನೋಡ್ರಿ. ಮುಟ್ಟಿದ ಮ್ಯಾಲೆ ಯಾವುದು ಅದರ ತಪ್ಪು, ಯಾವುದು ನಮ್ಮ ತಪ್ಪು ಅಂತ ಗೊತ್ತಾಗೂದಿಲ್ಲ," ಎನ್ನುತ್ತಿದ್ದ. ಆ ಪ್ರೋಗ್ರಾಮ್ ಬರೆದವನು ಅವನೇ. ತಾನು ಕಟ್ಟಿದ್ದಕ್ಕೆ ತಾನೇ ಅಷ್ಟು ಹೆದರುವ ಮನುಷ್ಯನನ್ನು ನಾನು ಮತ್ತೆ ಕಂಡಿಲ್ಲ.

ಅವನು ನಮ್ಮವರ ಚಿಕ್ಕಪ್ಪನ ಮಗ, ಗೊಳಸಂಗಿಯವನು. ಸಿಂದಗಿಯಲ್ಲಿ ನಮ್ಮ ಮನೆಯ ಮುಂದಿನ ಕೋಣೆಗಳಲ್ಲಿ ನಮ್ಮವರು ರಕ್ತ ತಪಾಸಣೆಯ ಲ್ಯಾಬ್ ನಡೆಸುತ್ತಾರೆ. ಯಾರ ರಕ್ತದಲ್ಲಿ ಏನು ಬಂತು ಎಂದು ಬರೆದಿಟ್ಟು ಚೀಟಿ ಛಾಪಿಸುವ ಪ್ರೋಗ್ರಾಮು ಪ್ರಲ್ಹಾದನದು. ಇಂಡಿ, ಮುದ್ದೇಬಿಹಾಳ, ಬಸವನ ಬಾಗೇವಾಡಿಯ ಲ್ಯಾಬುಗಳಲ್ಲಿಯೂ ಅವನು ಬರೆದದ್ದೇ ನಡೆಯುತ್ತಿತ್ತು. ಲಗ್ನವಾಗಲಿಲ್ಲ. ತಾಯಿಯ ಹಳೆಯ ಇಳಕಲ್ ಸೀರೆಯಿಂದ ಹೊಲಿಸಿದ ಚೀಲದಲ್ಲಿ ಲ್ಯಾಪ್‌ಟಾಪ್ ಹಾಕಿಕೊಂಡು ಬಸ್ಸಿನಿಂದ ಬಸ್ಸಿಗೆ ಓಡಾಡುತ್ತಿದ್ದ. ಹಣೆಯ ಮೇಲೆ ಅಂಗಾರ ಅಕ್ಷತೆ, ಮೈಮೇಲೆ ತೋಳಿನ ಗುಂಡಿ ಹಾಕಿದ ಅಂಗಿ, ಕಣ್ಣಿನಲ್ಲಿ ಸದಾ ಏನೋ ಮರೆತು ಬಂದವನ ಗಾಬರಿ. ನಮ್ಮವರು ಅವನನ್ನು ಕಾಡಿಸುತ್ತಿದ್ದರು: "ಹೆಸರು ನೋಡಿದ್ರ ಪ್ರಲ್ಹಾದ! ಕಂಬದಾಗಿಂದ ನರಸಿಂಹ ಬಂದಿದ್ರ ಹಿರಣ್ಯಕಶಿಪುಗಿಂತ ಮೊದಲ ಇಂವನ ಓಡತಿದ್ದ."

"ಓಡತಿದ್ದೆ ಅಣ್ಣಾ," ಎನ್ನುತ್ತಿದ್ದ ಅವನು, ನಗದೆ. "ಕಂಬದಾಗ ಏನದ ಅಂತ ನೋಡದ ಯಾಕ ಒದಿಬೇಕು?"

ಅವನ ಕೆಲಸ ನನಗೆ ತಿಳಿದದ್ದು ಅಡುಗೆಮನೆಯ ಬಾಗಿಲಲ್ಲಿ. ಲ್ಯಾಬಿನ ಹುಡುಗಿ ಒಮ್ಮೊಮ್ಮೆ ತಪ್ಪು ಬರೆಯುತ್ತಾಳೆ, ಒಳಗೆ ಇಟ್ಟದ್ದನ್ನು ನೇರವಾಗಿ ತಿದ್ದಲು ಬರುವಂತೆ ಮಾಡಿಕೊಡು ಎಂದು ನಮ್ಮವರು ಬೆನ್ನು ಹತ್ತಿದ್ದರು. ಅವನು ಒಲ್ಲೆನೆಂದ. ಜಗಳ ಬೆಳೆದು ಒಳಗೆ ಬಂತು. ಅಂದು ಮನೆಯಲ್ಲಿ ಶ್ರಾದ್ಧ; ನಾನು ಮಡಿಯಲ್ಲಿ ಅಡುಗೆ ಮಾಡುತ್ತಿದ್ದೆ. ಅವನು ಹೊಸ್ತಿಲಾಚೆ ನಿಂತು ಅತ್ತಿಗೆಯಾದ ನನ್ನನ್ನೇ ಸಾಕ್ಷಿಗೆ ಎಳೆದ.

"ವೈನಿ, ನೀವು ಮಡಿಯೊಳಗ ಇದ್ದಾಗ ಹಸಿದವರು ಸೀದಾ ಬಂದು ಪಾತೇಲಿಗೆ ಕೈ ಹಾಕ್ತಾರೇನು?"

"ಹಾಕಿದ್ರ ಕೈ ಮುರೀತೇನಿ," ಅಂದೆ.

"ನೋಡಿದ್ಯಾ ಅಣ್ಣಾ! ಹೊರಗ ಕೂತವರು ಬೇಕಾದ್ದು ಹೇಳ್ತಾರ. ನಡುಮನ್ಯಾಗ ಒಬ್ಬರು ನಿಂತಿರ್ತಾರ. ಯಾರಿಗೆ ಏನು ನಡೀತದ, ಏನು ನಡಿಯೂದಿಲ್ಲ ಅಂತ ನೋಡಿ ಅವರು ಬಡಸ್ತಾರ. ನನ್ನ ಪ್ರೋಗ್ರಾಮಿನ್ಯಾಗೂ ಅಷ್ಟ. ಪರದಿ ಅಂದ್ರ ಪಡಸಾಲಿ. ನಡುವ ಕಾವಲು. ಒಳಗ ದೇವರ ಕೋಣಿ, ಮಂದೀದು ರಕ್ತದ ಮಾತು ಇರೂದು ಅಲ್ಲೆ. ಪಡಸಾಲ್ಯಾಗಿಂದ ಜಿಗದು ದೇವರ ಕೋಣಿಗೆ ಹೋಗೂ ಹಂಗಿಲ್ಲ."

ಆಮೇಲೆ ಊಟಕ್ಕೆ ಕುಳಿತಾಗ ದಾರದ ಮಾತು ಹೇಳಿದ. ಪರದೆಯ ಮೇಲಿನ ಒಂದೊಂದು ಡಬ್ಬಿಯಿಂದಲೂ ಒಳಗಿನ ಒಂದೊಂದು ಸಂಗತಿಗೆ ಅವನು ದಾರ ಕಟ್ಟಿರುತ್ತಾನಂತೆ. ಒಳಗಿನದು ಬದಲಾದರೆ ಪರದೆಯ ಮೇಲಿನದು ತಾನಾಗಿ ಬದಲಾಗುತ್ತದೆ. ಪರದೆಯ ಮೇಲೆ ತಿದ್ದಿದ್ದನ್ನು ನಡುವಿನ ಕಾವಲು ಒಪ್ಪಿದರೆ ಒಳಗೂ ತಿದ್ದುತ್ತದೆ. ಹೊಸಬರು ಇದನ್ನು ಕಂಡು ಕುಣಿಯುತ್ತಾರಂತೆ. "ನನಗ ಮಾತ್ರ ನಿದ್ದಿ ಬರೂದಿಲ್ಲ ವೈನಿ. ದಾರ ಕಟ್ಟೂದು ಸರಳ. ಇಲ್ಲೆ ಎಳದ್ರ ಎಲ್ಲೆಲ್ಲೆ ಅಲ್ಲಾಡತದ ಅನ್ನೂದು ತಲ್ಯಾಗ ಇಟಗೊಳ್ಳೂದು ಅದ ನೋಡ್ರಿ, ಅದು ಹೆದರಿಕಿ ಕೆಲಸ."

ನಾನು ಎರಡನೆಯ ಸಲ ಸಾರು ಬಡಿಸಿ, ಗುರುರಾಯರು ನೋಡಿಕೊಳ್ಳುತ್ತಾರೆ ಎಂದೆ. ಎಲ್ಲದಕ್ಕೂ ನಾನು ಅದನ್ನೇ ಹೇಳುವವಳು.

ನನ್ನ ಮಗ ಶ್ರೀಪಾದನ ಲಗ್ನವಾದಾಗ ನಮ್ಮಲ್ಲಿಯ ಪದ್ಧತಿಯಂತೆ ತಾಟಿನ ಅಕ್ಕಿಯಲ್ಲಿ ಉಂಗುರದಿಂದ ಸೊಸೆಯ ಹೊಸ ಹೆಸರು ಬರೆಸಿದೆವು. ತವರಿನಲ್ಲಿ ಅವಳು ಶ್ರುತಿ. ನಾವು ರಮಾ ಎಂದು ಇಟ್ಟೆವು. ಅದು ನಮ್ಮ ಅತ್ತೆಯವರ ಹೆಸರು. ಹುಡುಗಿಗೆ ತಾಯಿ ಇಲ್ಲ, ಮುದ್ದೇಬಿಹಾಳದಲ್ಲಿ ತಂದೆಯೊಬ್ಬರೇ. ಹಾಗಾಗಿ ಚೊಚ್ಚಲ ಬಾಣಂತನವನ್ನು ನಾನೇ ವಹಿಸಿಕೊಂಡೆ. ಗರ್ಭಿಣಿಯಾದಾಗ ನಮ್ಮ ಲ್ಯಾಬಿನಲ್ಲೇ ರಕ್ತ ನೋಡಿದರು. ಆಧಾರ ಕಾರ್ಡಿನಲ್ಲಿದ್ದಂತೆ ಲ್ಯಾಬಿನ ಹುಡುಗಿ ಶ್ರುತಿ ಎಂದೇ ಬರೆದುಕೊಂಡಿದ್ದಳು. ಅದು ನಮ್ಮವರ ಮನಸ್ಸಿಗೆ ಬರಲಿಲ್ಲ. "ನಮ್ಮ ಮನಿ ಸೊಸಿ. ನಮ್ಮವ್ವನ ಹೆಸರಿನ್ಯಾಗ ಚೀಟಿ ಬರಲಿ," ಎಂದು ತಾವೇ ಕುಳಿತು ಹೆಸರು ತಿದ್ದಿ, ಚೀಟಿ ತೆಗೆದು ಡಾಕ್ಟರಮ್ಮನಿಗೆ ಕಳಿಸಿದರು. ಓ ಪಾಸಿಟಿವ್ ಎಂದಿತ್ತು. "ಛಲೋ ಆತು, ಈ ರಕ್ತಕ್ಕೇನು ಕೊರತಿ ಇಲ್ಲ. ಹೊತ್ತಿಗೆ ಸಿಗತೈತಿ," ಎಂದರು ಡಾಕ್ಟರಮ್ಮ. ನಾನು ತುಪ್ಪದ ದೀಪ ಹಚ್ಚಿ ನಿಶ್ಚಿಂತಳಾದೆ.

ಶ್ರುತಿಗೆ ನೋವು ಬಂದದ್ದು ಒಂದು ಮುಂಜಾನೆ. ಮೈಯಲ್ಲಿ ರಕ್ತ ಕಡಿಮೆ ಇದೆ, ಒಂದು ಚೀಲ ತಂದಿಟ್ಟುಕೊಳ್ಳಿರಿ ಎಂದರು. ಶ್ರೀಪಾದ ಬೇಕಾದ ಕಾಗದ ತೆಗೆದುಕೊಳ್ಳಲು ಆಸ್ಪತ್ರೆಯಲ್ಲಿ ನಿಂತಿದ್ದ; ಅಲ್ಲಿಂದಲೇ ವಿಜಯಪುರದ ರಕ್ತನಿಧಿಗೆ ಹೋಗುವವನಿದ್ದ. ನಾನು ಬಿಸಿನೀರಿನ ಥರ್ಮಾಸ್ ಒಯ್ಯಲು ಮನೆಗೆ ಬಂದಿದ್ದೆ. ಅದೇ ಹೊತ್ತಿಗೆ ಇಂಡಿಯ ಬಸ್ಸಿನಿಂದ ಇಳಿದು ಪ್ರಲ್ಹಾದ ಬಂದ. ಆ ಬಸ್ಸು ಎಂದೂ ವೇಳೆಗೆ ಬಂದದ್ದಲ್ಲ. ಅಂದು ಬಂತು. ಇದನ್ನು ನಾನು ದೇವರ ಲೆಕ್ಕದಲ್ಲೇ ಹಿಡಿಯುತ್ತೇನೆ.

ನಮ್ಮವರು ಗೆಲುವಿನಲ್ಲಿದ್ದರು. "ಅಜ್ಜ ಆಗ್ಲಿಕ್ಕತ್ತೇನಿ ಪ್ರಲ್ಹಾದಾ! ಮತ್ತ ನಿನ್ನ ಪ್ರೋಗ್ರಾಮಿನ್ಯಾಗ ನಾನ ಸೊಸಿ ಹೆಸರು ತಿದ್ದಿದೆ ನೋಡು. ನಿನ್ನ ಕೇಳಲಿಲ್ಲ, ಏನಿಲ್ಲ."

ಪ್ರಲ್ಹಾದ ಚೀಲ ಕೆಳಗಿಡಲಿಲ್ಲ. "ಹೆಂಗ ತಿದ್ದಿದಿ?"

"ಹೆಸರಿನ ಡಬ್ಬಿ ಎಳದೆ, ಪಟ್ಟಿ ಬಂತು. ರಮಾ ಕುಲಕರ್ಣಿ ಅಂತ ನಮ್ಮ ಅಡ್ಡಹೆಸರಿನ ಸಹಿತ ಇತ್ತು, ಆರಿಸಿದೆ."

"ಅಣ್ಣಾ, ಹೆಸರು ತಿದ್ದಲಿಕ್ಕೆ ನಾ ದಾರೀನ ಕೊಟ್ಟಿಲ್ಲ." ಅವನ ದನಿ ಇಳಿಯಿತು. "ಹಂಗಾರ ನೀ ತಿದ್ದಿದ್ದು ಏನು?"

ಅವನು ಲ್ಯಾಬಿಗೆ ಓಡಿದ. ನಾನು ಥರ್ಮಾಸ್ ಹಿಡಿದುಕೊಂಡೇ ಹಿಂದೆ ಹೋದೆ. ಪರದೆ ತೆರೆದು, ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡ. ಬೆರಳುಗಳು ಒಂದರೊಳಗೊಂದು ಸಿಕ್ಕು ಬಿಳಿಚಿಕೊಂಡಿದ್ದವು.

"ವಯಸ್ಸು, ಊರು ನೀನ ಹಾಕಿದ್ಯಾ?"

"ಹೌದು. ತಪ್ಪು ತೋರಸ್ಲಿಕ್ಕತ್ತಿತ್ತು. ವಯಸ್ಸು ಐವತ್ತರ ಮ್ಯಾಲೆ, ಊರು ಝಳಕಿ. ನಾನ ಸರಿ ಮಾಡಿದೆ."

ಪ್ರಲ್ಹಾದ ಒಂದು ಕೈ ಬಿಡಿಸಿ ಪಟ್ಟಿಯನ್ನು ಮೆಲ್ಲಗೆ ಕೆಳಗೆ ಸರಿಸಿದ. ಒಂದು ಹೆಸರಿನ ಹತ್ತಿರ ನಿಲ್ಲಿಸಿದ. "ಶ್ರುತಿ ಇಲ್ಲೇ ಇದ್ದಾಳ," ಅಂದ. "ಆಕಿ ಹೆಸರು ಬದಲಾಗಿಲ್ಲ ಅಣ್ಣಾ. ನೀ ಹೆಸರು ಆರಿಸಿದಾಗ ಮನಷ್ಯಾಳ ಬದಲಾದಳು. ಝಳಕಿ ರಮಾಬಾಯಿನ್ನ ಕರದು, ಆಕಿಗೆ ನಮ್ಮ ಹುಡಿಗಿ ವಯಸ್ಸು, ನಮ್ಮ ಊರು ತೊಡಿಸಿದಿ. ಓ ಪಾಸಿಟಿವ್ ಆಕೀದು. ನಮ್ಮ ಶ್ರುತೀದು ಬಿ ನೆಗೆಟಿವ್."

ಮತ್ತೆ ಬಂದ ಹಳೆಯ ರೋಗಿಯ ಹೆಸರನ್ನು ಹೊಸದಾಗಿ ಬರೆಯುವ ಕಷ್ಟ ತಪ್ಪಲೆಂದು ಅವನು ಆ ಡಬ್ಬಿಗೆ ಪಟ್ಟಿ ಕಟ್ಟಿದ್ದನಂತೆ. ಅದೇ ಪಟ್ಟಿಗೆ ಪರದೆಯ ಬೇರೆಲ್ಲ ಡಬ್ಬಿಗಳ ದಾರವೂ ಇತ್ತು. ನನ್ನ ಕಿವಿಗೆ ಇದು ಬಿತ್ತು, ತಲೆಗೆ ಹೋಗಲಿಲ್ಲ. ನೆಗೆಟಿವ್ ಎಂಬ ಮಾತೊಂದೇ ಹೋಯಿತು. ಅಲ್ಲೇ ರೋಗಿಗಳ ಬೆಂಚಿನ ಮೇಲೆ ಕುಳಿತೆ. ನಮ್ಮವರ ಮುಖ ಬೂದಿಯಾಗಿತ್ತು. "ನಿನ್ನ ಪ್ರೋಗ್ರಾಮು…" ಎಂದು ಶುರುಮಾಡಿದರು.

"ಬೈ ಅಣ್ಣಾ, ಆಮ್ಯಾಲೆ ಬೈ. ಈಗ ಡಾಕ್ಟರಮ್ಮಗ ಫೋನ್ ಹಚ್ಚು. ಬರದದ್ದು ಬಿಟ್ಟು ಹೊಸದಾಗಿ ರಕ್ತ ತಗದು ನೋಡಲಿಕ್ಕೆ ಹೇಳು."

ನೋಡಿದರು. ಬಿ ನೆಗೆಟಿವ್ ನಿಜವಾಯಿತು. ನಾವು ಮೂವರೂ ಆಸ್ಪತ್ರೆ ತಲುಪಿದಾಗ ಡಾಕ್ಟರಮ್ಮ ಸಿಟ್ಟಿನಲ್ಲಿದ್ದರು. "ಏರಿಸೂ ಮೊದಲ ನಾವು ಹ್ಯಾಂಗೂ ಮತ್ತ ನೋಡ್ತೇವ್ರಿ. ತಪ್ಪು ರಕ್ತ ಏರಿಸೂದಿಲ್ಲ. ಆದ್ರ ಆಕಿಗೆ ರಕ್ತ ಹರಿಯಾಕ ಹತ್ತಿದಾಗ ಇದು ಗೊತ್ತಾಗಿದ್ರ? ಈ ರಕ್ತ ಎಲ್ಲಿಂದ ತರತಿದ್ರಿ? ನೆಗೆಟಿವ್ ಇದ್ದವರಿಗೆ ಹೆರಿಗಿ ಆದಮ್ಯಾಲೆ ಕೊಡೂ ಇಂಜೆಕ್ಷನ್ನೂ ತಪ್ಪತಿತ್ತು. ಮುಂದಿನ ಕೂಸಿಗೂ ಗಂಡಾಂತರ." ಒಳಗಿನಿಂದ ಶ್ರುತಿ ಕೂಗಿದಳು. ತಾಯಿಯಿಲ್ಲದ ಹುಡುಗಿ; ಅತ್ತೆ ಎಂದು ನನ್ನನ್ನೇ ಕರೆಯುತ್ತಿದ್ದಳು. ವಿಷ್ಣುಸಹಸ್ರನಾಮ ನನಗೆ ಬಾಯಿಪಾಠ. ಅಂದು ಮೊದಲ ಶ್ಲೋಕದ ಮುಂದೆ ನೆನಪಾಗಲಿಲ್ಲ.

ಶ್ರೀಪಾದ ವಿಜಯಪುರಕ್ಕೆ ಹೋಗಿ ವಿಚಾರಿಸಿದರೆ ಆ ರಕ್ತ ಅಂದು ಇರಲಿಲ್ಲ. ಕೊಡುವವರನ್ನು ಕರೆತಂದರೆ ತೆಗೆದುಕೊಳ್ಳುತ್ತೇವೆ ಎಂದರು. ಪ್ರಲ್ಹಾದ ಆಸ್ಪತ್ರೆಯ ಹೊರಗೆ ಬೇವಿನ ಗಿಡದ ಬುಡದಲ್ಲಿ ನಿಂತು ಇಂಡಿಗೆ, ಬಾಗೇವಾಡಿಗೆ, ಮುದ್ದೇಬಿಹಾಳಕ್ಕೆ ಫೋನ್ ಹಚ್ಚಿದ. ಎಲ್ಲ ಲ್ಯಾಬುಗಳಲ್ಲಿಯೂ ಅವನ ಪ್ರೋಗ್ರಾಮೇ ಇತ್ತಲ್ಲ, ಬಿ ನೆಗೆಟಿವ್ ಯಾರ್ಯಾರು ಎಂದು ಕೇಳಿದರೆ ಅದು ಹೇಳುತ್ತಿತ್ತು. "ಅವರ ಹೆಸರು, ನಂಬರು ಬರಕೊಂಡು ನಾವ ಫೋನ್ ಮಾಡೂಣಲ್ಲೋ," ಎಂದು ನಮ್ಮವರು ಚಡಪಡಿಸಿದರು.

"ಬ್ಯಾಡ ಅಣ್ಣಾ. ಅದು ಆ ಮಂದಿ ದೇವರ ಕೋಣಿ. ಲ್ಯಾಬಿನವರ ಕೇಳಲಿ. ಒಲ್ಲೆ ಅನ್ನವರು ಅವರಿಗೇ ಅನ್ನಲಿ." ಅವನ ಹಲ್ಲು ಕಟಕಟ ಎನ್ನುತ್ತಿದ್ದವು. ಅಂಥ ಹೆದರಿಕೆಯಲ್ಲೂ ಆ ಮಾತನ್ನು ಬಿಡಲಿಲ್ಲ. ನನಗೆ ಆ ಕ್ಷಣ ಅವನನ್ನು ಹಿಡಿದು ಅಲ್ಲಾಡಿಸುವಷ್ಟು ಸಿಟ್ಟು ಬಂದಿತ್ತು.

ಇಂಡಿಯಲ್ಲಿ ಸಿಕ್ಕವರು ಊರಲ್ಲಿರಲಿಲ್ಲ. ಮುದ್ದೇಬಿಹಾಳದವರು ಈಚೆಗೆ ಕಾಮಾಲೆಯಿಂದ ಎದ್ದವರು. ಬಾಗೇವಾಡಿಯಿಂದ ಬಹಳ ಹೊತ್ತು ಉತ್ತರವೇ ಇಲ್ಲ. ನರ್ಸಮ್ಮ ಬಂದು, "ಹೆಣ್ಣ ಕೂಸು ಹುಟ್ಟೇತ್ರೀ ಅವ್ವಾರ. ಕೂಸು ಆರಾಮ ಐತಿ. ತಾಯಿಗೆ ರಕ್ತ ನಿಲ್ಲವಲ್ದು," ಎಂದಳು. ಸಂತೋಷವೂ ಭಯವೂ ಒಂದೇ ಬಾಯಿಂದ ಬಂದವು. ಕೈಯಲ್ಲಿ ಕೂಸು ಕೊಟ್ಟರು. ಅದನ್ನು ನಮ್ಮವರ ಕೈಗೆ ದಾಟಿಸಿ ಶ್ರುತಿಯ ಬಾಗಿಲಿಗೆ ಹೋಗಿ ನಿಂತೆ.

ಆಗ ಶ್ರೀಪಾದನ ಫೋನ್ ಬಂತು. ಬಾಗೇವಾಡಿ ಲ್ಯಾಬಿನವರು ಹೇಳಿದ್ದೇ ತಡ, ಒಬ್ಬ ಅಕ್ಕಸಾಲಿಗ ಕುಲುಮೆ ಆರಿಸಿ, ಯಾರಿಗೂ ಫೋನ್ ಮಾಡುತ್ತ ಕೂಡದೆ, ಸಿಕ್ಕ ಬಸ್ಸು ಹತ್ತಿ ನೇರ ವಿಜಯಪುರದ ರಕ್ತನಿಧಿಗೆ ಬಂದಿದ್ದನಂತೆ. ರಕ್ತ ಕೊಟ್ಟು, ತಪಾಸಣೆಯೂ ಮುಗಿದಿತ್ತು. ಶ್ರೀಪಾದ ದಾರಿಯಲ್ಲಿದ್ದ. ಸೂರ್ಯ ಇಳಿಯುವ ಮುಂಚೆ ಆ ಕೆಂಪು ಚೀಲ ಶ್ರುತಿಯ ತಲೆಯ ಮೇಲೆ ತೂಗಾಡಿತು. ಮತ್ತಷ್ಟು ಹೊತ್ತಾದ ಮೇಲೆ ಅವಳ ತುಟಿಗೆ ಬಣ್ಣ ಬಂತು. ಕರೆಂಟು ಹೋಗಲಿಲ್ಲ, ಫೋನಿನಲ್ಲಿ ಚಾರ್ಜ್ ಮುಗಿಯಲಿಲ್ಲ, ಅಕ್ಕಸಾಲಿಗನ ಹೆಂಡತಿ ತಡೆಯಲಿಲ್ಲ. ಇವಕ್ಕೆಲ್ಲ ನಾನು ಈಗಲೂ ಒಂದೊಂದು ತುಳಸಿದಳ ಏರಿಸುತ್ತೇನೆ.

ಪ್ರಲ್ಹಾದ ಅಂದು ಊಟ ಮಾಡಲಿಲ್ಲ. ಮರುದಿನ ಝಳಕಿಗೆ ಹೋಗಿ, ಆ ಇನ್ನೊಬ್ಬ ರಮಾಬಾಯಿಯನ್ನು ಹುಡುಕಿ, ನಿಮ್ಮ ವಿವರ ಕೆಟ್ಟಿತ್ತು, ಸರಿಮಾಡಿದ್ದೇವೆ ಎಂದು ಹೇಳಿ ಬಂದ.

"ಏನಂದ್ರೋ ಅವರು?" ಎಂದೆ.

"ಏನೂ ತಿಳೀಲಿಲ್ಲ ಅವರಿಗೆ. ಬಾಳಿಹಣ್ಣು ಕೊಟ್ರು," ಅಂದು ಚೀಲದಿಂದ ತೆಗೆದಿಟ್ಟ. ನಂತರ ಮುಖ ಮುಚ್ಚಿಕೊಂಡ. "ದಾರದ ತಪ್ಪಂತೂ ಆತು ವೈನಿ. ನಡುವಿನ ಕಾವಲಾದ್ರೂ ಕೇಳಬೇಕಿತ್ತಲ್ಲ. ಐವತ್ತು ದಾಟಿದಾಕಿ ಒಮ್ಮಿಗೇ ಹುಡಿಗಿ ಹೆಂಗಾದಳು ಅಂತ? ನಾ ಅದಕ್ಕ ಕೇಳಲಿಕ್ಕೆ ಕಲಿಸಲೇ ಇಲ್ಲ." ನಮ್ಮವರು ಬೈಯಬೇಕೆಂದು ಇಟ್ಟುಕೊಂಡದ್ದನ್ನು ಬೈಯಲಿಲ್ಲ. ಎದ್ದು ಹೋಗಿ ಅವನಿಗೆ ತಾವೇ ನೀರು ತಂದರು.

ಅಂದಿನಿಂದ ಅವನು ಊರೂರಿಗೆ ಹೋಗಿ ತನ್ನ ಒಂದೊಂದು ದಾರವನ್ನೂ ಎಳೆದು ನೋಡುತ್ತ ಹೋದ. ಊಟ ಕಡಿಮೆಯಾಯಿತು. ಎದೆ ನೋವು ಬಂದಾಗ ಬಸ್ಸಿನ ಕುಲುಕಾಟ ಎಂದ. ಕಡೆಗೆ ವಿಜಯಪುರದ ದವಾಖಾನೆಯಲ್ಲಿ ಹೃದಯದ ಆಪರೇಶನ್ ಎಂದಾಯಿತು. ಒಳಗೆ ಒಯ್ಯುವ ಮುಂಚೆ ನಾನು ಪಕ್ಕದಲ್ಲಿದ್ದೆ. ಮಂತ್ರಾಕ್ಷತೆ ತಲೆಗೆ ಹಾಕಿದೆ.

"ವೈನಿ, ಇನ್ನೊಂದು ಅಂಥದ್ದು ಎಲ್ಲೋ ಉಳದಿದ್ರ?"

"ರಾಯರಿದ್ದಾರ, ನೋಡ್ತಾರ," ಎಂದೆ.

"ಅವರು ನೋಡ್ತಾರ. ಆದ್ರ ಚೀಟಿ ಕೊಡೂ ಮುಂದ ಒಬ್ಬರು ಮನಷ್ಯಾರೂ ನೋಡಬೇಕಲ್ಲ." ಗಾಲಿಯ ಮಂಚ ಸರಿಯಿತು. ಅವನು ತಲೆ ಎತ್ತಿ ನನ್ನ ಕಡೆಗೇ ನೋಡುತ್ತಿದ್ದ. ಮರಳಿ ಬರಲಿಲ್ಲ.

ಅವನ ಪ್ರೋಗ್ರಾಮು ಇನ್ನೂ ನಡೆಯುತ್ತಿದೆ. ಅದರ ಒಳಗನ್ನು ಬಲ್ಲವರು ಈಗ ಯಾರೂ ಇಲ್ಲ. ಪೂಜೆ ಮುಗಿಸಿ ನಾನು ಲ್ಯಾಬಿಗೆ ಬಂದು ಕೂಡುತ್ತೇನೆ. ಚೀಟಿ ಕೈಗೆ ಕೊಡುವ ಮುಂಚೆ ಹೆಸರು, ವಯಸ್ಸು, ಊರು ಕೇಳಿ ತಾಳೆ ನೋಡುತ್ತೇನೆ. ನಮ್ಮವರು ನಗುವುದಿಲ್ಲ. ಲಗ್ನದಲ್ಲಿ ಹೆಸರು ಬದಲಾದ ಹೆಂಗಸರಿಗೆ ಹಳೆಯ ಹೆಸರನ್ನೂ ಕೇಳುತ್ತೇನೆ. ಮೊನ್ನೆ ಒಬ್ಬ ಮುದುಕಿ ಬಂದಿದ್ದಳು. "ತವರಮನಿ ಹೆಸರೇನ್ರಿ ಅಜ್ಜಿ?" ಎಂದೆ. ಅವಳು ಸೆರಗಿನ ತುದಿಯನ್ನು ಬೆರಳಿಗೆ ಸುತ್ತುತ್ತ ನೆನಪಿಸಿಕೊಳ್ಳತೊಡಗಿದಳು. ನಾನು ಚೀಟಿ ಕೊಡದೆ ಕೈಯಲ್ಲೇ ಹಿಡಿದುಕೊಂಡೆ.

"ತಡಿಯವ್ವಾ," ಎಂದಳು. "ಯಾರೂ ಕೇಳೇ ಇಲ್ಲಲ್ಲ… ಕೃಷ್ಣಾ. ಕೃಷ್ಣಾ ಅಂತಿದ್ರು ನನ್ನ."